ನಿಮ್ಮ ಗೋದಾಮಿನಲ್ಲಿರುವ ನಮ್ಮ ಕೂಸಿನ ನಿದ್ದೆ

ಹಂಸಗಾಮಿ ಮೊಬಿಲಿಟಿ ಕಂಪನಿಯ ‘ಅತಿಥಿ ಸಂತೋಷ ವಿಭಾಗ’ದ ಮುಖ್ಯಸ್ಥರಾದ ಮಾನ್ಯರೇ,

ಗಂಗಾವತಿಯಿಂದ ಅನುಷಾ ಪ್ರಭುರಾಜ ಎಂಬವಳು ಮಾಡುವ ಶರಣು ಶರಣಾರ್ಥಿಗಳು. ತಾವೂ ತಮ್ಮ ಮನೆಯ ಮಕ್ಕಳೂ ಈ ಹೊತ್ತಿನಲ್ಲಿ ಸುಖವಾಗಿ ಮಲಗಿದ್ದೀರೆಂದು ನಂಬಿದ್ದೇನೆ. ನಾವೂ ಮಲಗಿದ್ದೆವು. ರಾತ್ರಿ ಎರಡೂವರೆಗೆ ನನ್ನ ದಿಂಬಿನ ಪಕ್ಕದ ಮೊಬೈಲು ‘ಟಿಣ್’ ಎಂದಿತು. ಸಣ್ಣ ಸದ್ದೇ, ಒಪ್ಪುತ್ತೇನೆ. ಆದರೆ ಮೂರು ರಾತ್ರಿ ಅತ್ತು ಅತ್ತು ಆಗ ತಾನೇ ನನ್ನ ಹೆಗಲ ಮೇಲೆ ಕಣ್ಣು ಮುಚ್ಚಿದ್ದ ಏಳು ತಿಂಗಳ ಕೂಸಿಗೆ ಅದು ದೊಡ್ಡದಾಗಿಯೇ ಕೇಳಿಸಿತು. ಆ ‘ಟಿಣ್’ ತಮ್ಮ ಕಂಪನಿಯದು. ಇಷ್ಟು ಹೊತ್ತಿನಲ್ಲೂ ನಮ್ಮನ್ನು ನೆನೆಸಿಕೊಂಡ ತಮ್ಮ ಅಂತಃಕರಣಕ್ಕೆ ಏನು ಹೇಳಬೇಕೋ ತಿಳಿಯದು.

ತಮ್ಮ ಸಂದೇಶ ಹೀಗಿತ್ತು: ‘ಪ್ರಿಯ ಅತಿಥಿ, ಆಹಾರ ಪದಾರ್ಥವಿರುವ ನಿಮ್ಮ ಪಾರ್ಸೆಲ್ ನಮ್ಮ ಹುಬ್ಬಳ್ಳಿ ಗೋದಾಮಿನಲ್ಲಿ ಉಳಿದಿದ್ದು, ನೈರ್ಮಲ್ಯದ ಕಾರಣದಿಂದ ಬೆಳಗ್ಗೆ ಆರು ಗಂಟೆಗೆ ಅದನ್ನು ಸುಡಲಾಗುವುದು. ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುವಿರಿ?’

ನಕ್ಷತ್ರಗಳ ವಿಷಯಕ್ಕೆ ಆಮೇಲೆ ಬರುತ್ತೇನೆ. ಕಿಟಕಿಯಿಂದ ಅವು ಚೆನ್ನಾಗಿಯೇ ಕಾಣುತ್ತಿವೆ, ಮೂರು ರಾತ್ರಿಯಿಂದ ನಾನೂ ಕೂಸೂ ನೋಡುತ್ತಲೇ ಇದ್ದೇವೆ. ಸುಡುವ ವಿಷಯ ಮಾತ್ರ ತುರ್ತಿನದು. ತಮ್ಮ ಸಹಾಯವಾಣಿ ಬಾಗಿಲು ತೆರೆಯುವುದು ಒಂಬತ್ತಕ್ಕೆ, ಗೋದಾಮಿನವರು ಬೆಂಕಿ ಹಚ್ಚುವುದು ಆರಕ್ಕೆ. ತಮ್ಮ ದೂರಿನ ಪೆಟ್ಟಿಗೆಯಲ್ಲಿ ಇನ್ನೂರು ಅಕ್ಷರಕ್ಕಿಂತ ಹೆಚ್ಚು ಹಿಡಿಸುವುದಿಲ್ಲ. ನನ್ನ ಅವ್ವನ ಹೆಸರು, ಊರು, ತಾಲೂಕು ಬರೆಯುವಷ್ಟರಲ್ಲಿ ಅರ್ಧ ಮುಗಿಯುತ್ತವೆ. ಆದ್ದರಿಂದ ತಮ್ಮದೇ ಫೇಸ್‌ಬುಕ್ ಪುಟದಲ್ಲಿ, ಆ ನೀಲಿ ಸಮುದ್ರದ ಬಿಳಿ ಹಡಗಿನ ಚಿತ್ರದ ಕೆಳಗೆ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ಒಂದು ಕೈಯಲ್ಲಿ ಕೂಸಿದೆ, ತಪ್ಪಿದ್ದರೆ ಮನ್ನಿಸಬೇಕು.

ಮೊದಲು ನಾವು ಯಾರೆಂದು ಹೇಳಬೇಕು. ಯಲಬುರ್ಗಾದಿಂದ ಕೊಪ್ಪಳ, ಹಿಟ್ನಾಳ ಹಾದು ಗಂಗಾವತಿಗೆ ಬರುವ ಮುದಿಯಪ್ಪ ಸಾಹುಕಾರರ ಬಸ್ಸಿನ ಕಾಯಂ ಪ್ರಯಾಣಿಕರು ನಾವು. ಆ ಬಸ್ಸಿಗೆ ಒಳ್ಳೆಯ ಹೆಸರೊಂದಿತ್ತು, ಹಣೆಯ ಮೇಲೆ ಬರೆಸಿಯೂ ಇದ್ದರು. ನಾವು ಮಾತ್ರ ಅದನ್ನು ‘ಸಾಹುಕಾರ್ರ ಬಸ್ಸು’ ಎಂದೇ ಕರೆದೆವು. ಹಿಂದಿನ ಬಾಗಿಲಿಗೆ ಹಗ್ಗ ಕಟ್ಟಿರುತ್ತಿತ್ತು. ಮಳೆ ಬಂದರೆ ಎಡಗಡೆ ಕೂತವರು ಬಲಗಡೆಯವರ ತೊಡೆಯ ಮೇಲೆ ಬರುತ್ತಿದ್ದರು. ಅದರಲ್ಲಿಯೇ ನಾನು ಬಿ.ಎಸ್ಸಿ. ಓದಿದೆ, ಅದರಲ್ಲಿಯೇ ಗಂಡನ ಮನೆಗೆ ಬಂದೆ, ಅದರಲ್ಲಿಯೇ ಬಾಣಂತನಕ್ಕೆ ತವರಿಗೆ ಹೋದೆ. ಇಷ್ಟಾದರೂ ಅದನ್ನು ಬೈಯದ ದಿನವಿಲ್ಲ. ಬೈಯುವ ಹಕ್ಕಿರುವುದು ನಮಗೆ ಮಾತ್ರ ಎಂದು ತಿಳಿದಿದ್ದೆವು. ತಾವು ಬಂದ ಮೇಲೆ, ಬೈಯಲು ಮೊದಲು ಆ್ಯಪ್ ಇಳಿಸಿಕೊಳ್ಳಬೇಕೆಂದು ಗೊತ್ತಾಯಿತು.

ಸಾಹುಕಾರರಿಗೆ ಮೊಣಕಾಲು ನೋವಾಗಿ ಬಸ್ಸುಗಳನ್ನೆಲ್ಲ ತಮಗೆ ಮಾರಿದರೆಂದು ತಿಳಿದ ದಿನ ನಮ್ಮ ಜನ ಊಟ ಬಿಡಲಿಲ್ಲ, ಸುಳ್ಳೇಕೆ ಹೇಳಲಿ, ಆದರೆ ಊಟದ ಹೊತ್ತಿನಲ್ಲಿ ಬೇರೆ ಮಾತೂ ಆಡಲಿಲ್ಲ. ಮರುವಾರವೇ ಬಸ್ಸುಗಳಿಗೆ ಬಿಳಿ ಬಣ್ಣ ಬಂತು, ಪಕ್ಕದಲ್ಲಿ ಹಂಸ ಬಂತು, ‘ರಸ್ತೆಯ ಮೇಲಿನ ಕ್ರೂಸ್’ ಎಂಬ ಬರಹ ಬಂತು. ನಮ್ಮ ಕಡೆ ನೀರಿನ ಮೇಲೆ ಹೋಗುವುದೆಂದರೆ ಸಾಣಾಪುರದ ಕೆರೆಯ ಹರಿಗೋಲು. ಅದು ತಿರುಗುತ್ತ ತಿರುಗುತ್ತ ಹೋಗುತ್ತದೆ. ತಮ್ಮ ಕ್ರೂಸೂ ಹಾಗೆಯೇ ಹೋಗುತ್ತದೆಂದು ಆಗ ನಮಗೆ ಗೊತ್ತಿರಲಿಲ್ಲ. ಸಮವಸ್ತ್ರದ ಹುಡುಗನೊಬ್ಬ ಕೈ ಮುಗಿದು, ಇನ್ನು ಮುಂದೆ ತಾವು ಪ್ರಯಾಣಿಕರಲ್ಲ, ಅತಿಥಿಗಳು ಎಂದು ಸಾರಿದ. ಕೊಪ್ಪಳದ ಸಂತೆಗೆ ಬದನೆಕಾಯಿ ಒಯ್ಯುವ ಕನಕಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳು: “ಅತಿಥಿ ಅಂತೀಯಪಾ, ಮತ್ತ ಟಿಕೆಟ್ ಯಾಕ ಕೇಳ್ತಿ? ನಿಮ್ಮನಿಗೆ ಬೀಗರು ಬಂದ್ರ ಬಾಗಲದಾಗ ರೊಕ್ಕ ಇಸ್ಕೊಂತೀರೇನು?” ಹುಡುಗ ಈ ಪ್ರಶ್ನೆಯನ್ನು ಮೇಲಧಿಕಾರಿಗಳಿಗೆ ಕಳಿಸುತ್ತೇನೆಂದ. ತಮಗೆ ತಲುಪಿರಬಹುದು.

ಪ್ರತಿಭಟನೆಯೂ ನಡೆಯಿತು. ತಮ್ಮ ಬಸ್ಸನ್ನು ಒಂದು ದಿನ ಯಾರೂ ಹತ್ತಬಾರದು, ಎಲ್ಲರೂ ಕೂಡಿ ಕೊಪ್ಪಳಕ್ಕೆ ಹೋಗಿ ಮನವಿ ಕೊಡಬೇಕು ಎಂದು ತೀರ್ಮಾನವಾಯಿತು. ಆ ದಾರಿಗೆ ಇರುವುದು ತಮ್ಮದೊಂದೇ ಬಸ್ಸಾದ್ದರಿಂದ ಬಹಿಷ್ಕಾರ ಹಾಕಿದವರೆಲ್ಲರೂ ಅದರಲ್ಲಿಯೇ ಕೊಪ್ಪಳಕ್ಕೆ ಹೋದರು. ಅಂದಿನಷ್ಟು ಟಿಕೆಟ್ ಎಂದೂ ಹರಿದಿರಲಿಲ್ಲವಂತೆ. ತಮ್ಮ ಕಂಪನಿ ಅದನ್ನು ‘ಅತಿಥಿಗಳ ಅಭೂತಪೂರ್ವ ಸ್ವಾಗತ’ ಎಂದು ಇದೇ ಪುಟದಲ್ಲಿ ಹಾಕಿದೆ. ಫೋಟೋದಲ್ಲಿ ಮುಷ್ಟಿ ಎತ್ತಿರುವವರು ನಮ್ಮ ಚಿಕ್ಕಪ್ಪ.

ಇನ್ನು ಬುತ್ತಿಯ ವಿಷಯ. ತಮಗೆ ಬುತ್ತಿ ಗೊತ್ತಿಲ್ಲದಿರಬಹುದು. ಹಳ್ಳಿಯಲ್ಲಿ ತಾಯಿ ಬೆಳಿಗ್ಗೆ ರೊಟ್ಟಿ ಬಡಿದು, ಪಲ್ಲೆ ಚಟ್ನಿ ಇಟ್ಟು, ಬಟ್ಟೆಯಲ್ಲಿ ಗಂಟು ಕಟ್ಟಿ ಬಸ್ಸಿಗೆ ಕೊಡುತ್ತಾಳೆ. ಪೇಟೆಯಲ್ಲಿ ಓದುವ ಮಗನೋ ಮಗಳೋ ಬಸ್‌ಸ್ಟ್ಯಾಂಡಿಗೆ ಬಂದು ತೆಗೆದುಕೊಳ್ಳುತ್ತಾರೆ. ಚೀಟಿಯಿಲ್ಲ, ಹೆಸರಿಲ್ಲ. ನಮ್ಮ ಬಸ್ಸಿನ ಕಂಡಕ್ಟರ್ ಹೊಳಿಯಪ್ಪನಿಗೆ ಗಂಟು ನೋಡಿದರೆ ಯಾರ ಮನೆಯದೆಂದು ತಿಳಿಯುತ್ತಿತ್ತು. ಬುತ್ತಿಯ ಜೊತೆ ನನ್ನ ಅವ್ವ ಶರಣಬಸಮ್ಮ ಹೇಳಿಕಳಿಸಿದ ಮಾತುಗಳನ್ನೂ ಅವನು ತರುತ್ತಿದ್ದ. ನಾನು ಬಸುರಿಯಾಗಿದ್ದಾಗ ಗಂಗಾವತಿಯ ಸ್ಟ್ಯಾಂಡಿನ ನಡುವೆ, ಇಡೀ ಬಸ್ಸು ಕೇಳುವಂತೆ, “ತಂಗೀ, ಎಡಮಗ್ಗಲಿಗೆ ಮಲಗಬೇಕಂತ, ಪಪ್ಪಾಯಿ ಮುಟ್ಟಬಾರದಂತ” ಎಂದು ಕೂಗುತ್ತಿದ್ದ. ನಾನು ನಾಚಿ ನೆಲ ನೋಡುತ್ತಿದ್ದೆ. ಸಂಜೆ ತಿರುಗಿ ಹೋದಾಗ ನನ್ನ ಮುಖ ಹೇಗಿತ್ತೆಂದು ಅವ್ವನಿಗೆ ವರದಿ ಒಪ್ಪಿಸುತ್ತಿದ್ದ. ಫೋನಿನಲ್ಲಿ ನಾನು ಆರಾಮಿದ್ದೇನೆಂದರೆ ಅವ್ವ ನಂಬುವುದಿಲ್ಲ. ಹೊಳಿಯಪ್ಪ ಕಣ್ಣಾರೆ ನೋಡಿ ಹೇಳಿದರೆ ಮಾತ್ರ ಆಕೆಯ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು. ಅಂಥವನನ್ನು ತಾವು, ಆ್ಯಪ್ ಬಳಸಲು ಬರುವುದಿಲ್ಲವೆಂದು, ಡಿಪೋದಲ್ಲಿ ಟೈರು ಎಣಿಸಲು ಕೂರಿಸಿದ್ದೀರಿ. ಟೈರುಗಳೂ ಈಗ ಎಡಮಗ್ಗಲಿಗೇ ಮಲಗುತ್ತಿರಬಹುದು.

ಹೋದ ಭಾನುವಾರ ನಾನು ಕೂಸನ್ನು ಕರೆದುಕೊಂಡು ತವರಿನಿಂದ ಗಂಗಾವತಿಗೆ ಬಂದೆ. ಹುಟ್ಟಿದಾಗಿನಿಂದ ಅದು ಮಲಗಿದ್ದು ಅವ್ವನ ಒಂದು ಹಳೇ ಸೀರೆಯ ಜೋಳಿಗೆಯಲ್ಲಿ. ಅವ್ವ ಅದನ್ನುಟ್ಟು ಎಷ್ಟೋ ವರ್ಷ ಹೊಲದಲ್ಲಿ ಕಳೆ ತೆಗೆದಿದ್ದಾಳೆ. ತೊಳೆದು ತೊಳೆದು ಮೆತ್ತಗಾದ ನೂಲಿನ ಸೀರೆ, ಹಸಿರು ಚೌಕಳಿ, ಕೆಂಪು ಸೆರಗು. ತೊಲೆಗೆ ಕಟ್ಟಿ ಅದರಲ್ಲಿ ಹಾಕಿದರೆ ಎರಡು ಜೀಕು ಸಾಕು, ಕೂಸು ಮಲಗುತ್ತಿತ್ತು. ನಾವು ಹೊರಡುವ ದಿನ ಮಗಳ ಮನೆಗೆ ಮಾಸಿದ್ದು ಹೋಗಬಾರದೆಂದು ಅವ್ವ ಅದನ್ನು ಒಗೆದಳು, ಮೋಡವಿತ್ತು, ಒಣಗಲಿಲ್ಲ. ಸೋಮವಾರ ಬುತ್ತಿಯ ಜೊತೆ ಕಳಿಸುತ್ತೇನೆಂದಳು. ಕಳಿಸಿದಳು ಕೂಡ. ಹೇಗೂ ಗಂಟು ಕಟ್ಟಲು ಬಟ್ಟೆ ಬೇಕಲ್ಲ ಎಂದು, ರೊಟ್ಟಿಯನ್ನು ಆ ಸೀರೆಯಲ್ಲಿಯೇ ಕಟ್ಟಿ ಕಳಿಸಿದಳು. ನಮ್ಮ ಕಡೆಯ ಯಾವ ಹೆಣ್ಣುಮಗಳಾದರೂ ಇದನ್ನೇ ಮಾಡುತ್ತಿದ್ದಳು.

ಆ ಸೋಮವಾರವೇ ತಮ್ಮ ಹೊಸ ನಿಯಮ ಜಾರಿಗೆ ಬಂತು. ಯಾವ ಗಂಟೂ ನೇರವಾಗಿ ಹೋಗಕೂಡದು, ಎಲ್ಲವೂ ಪಡೆಯುವವರ ಮೊಬೈಲ್ ನಂಬರು ಅಂಟಿಸಿಕೊಂಡು ಹುಬ್ಬಳ್ಳಿಗೆ ಹೋಗಿ ಅಲ್ಲಿಂದ ವಿಂಗಡವಾಗಿ ಬರಬೇಕು. ಹೀಗೆ ಮೂಡಣ ದಿಕ್ಕಿನ ಗಂಗಾವತಿಗೆ ಬರಬೇಕಾದ ಬುತ್ತಿ ಪಡುವಣ ದಿಕ್ಕಿನ ಹುಬ್ಬಳ್ಳಿಗೆ ಹೊರಟಿತು. ತಮ್ಮ ಆ್ಯಪಿನಲ್ಲಿ ಸಣ್ಣ ಹಂಸವೊಂದು ನಕ್ಷೆಯ ಮೇಲೆ ತೇಲುತ್ತ ದೂರ ದೂರ ಹೋಗುವುದನ್ನು ನಾನೂ ಕೂಸೂ ಅಳುತ್ತ ನೋಡಿದೆವು. ನಮ್ಮ ಅವ್ವ ಇಷ್ಟು ವಯಸ್ಸಾದರೂ ಹುಬ್ಬಳ್ಳಿ ನೋಡಿಲ್ಲ. ಆಕೆಯ ಸೀರೆಗೆ ನೋಡುವ ಭಾಗ್ಯ ಕೊಟ್ಟಿದ್ದೀರಿ. ಅಲ್ಲಿ ತಮ್ಮ ಯಂತ್ರ ಗಂಟನ್ನು ಪರೀಕ್ಷಿಸಿ, ಒಳಗೆ ಆಹಾರವಿದೆ, ಮುಂದೆ ಕಳಿಸುವಂತಿಲ್ಲ, ಬೇಕಾದವರು ಬಂದು ಒಯ್ಯಲಿ ಎಂದು ತೀರ್ಪು ಕೊಟ್ಟಿತು. ನನ್ನ ಗಂಡ ಪ್ರಭುರಾಜ ರೈಸ್‌ಮಿಲ್ಲಿನಲ್ಲಿ ರಾತ್ರಿ ಪಾಳಿಯಲ್ಲಿದ್ದಾನೆ, ಸುಗ್ಗಿಯ ಹೊತ್ತು, ರಜೆಯಿಲ್ಲ. ನಾನು ಕೂಸನ್ನು ಕಟ್ಟಿಕೊಂಡು ಹುಬ್ಬಳ್ಳಿಗೆ ಹೋಗೋಣವೆಂದರೆ, ತಮ್ಮದೇ ಬಸ್ಸಿಗೆ ಮೂರು ದಿನ ಮೊದಲು ಸೀಟು ಕಾಯ್ದಿರಿಸಬೇಕು.

ನಿನ್ನೆ ಸಹಾಯವಾಣಿಗೆ ಫೋನು ಮಾಡಿದೆ. ಅದರಲ್ಲಿ ಬರುವ ಸಂಗೀತ ಬಹಳ ಇಂಪಾಗಿದೆ. ಕೂಸು ಅದನ್ನು ಕೇಳುತ್ತ ಬಹಳ ಹೊತ್ತು ಸುಮ್ಮನಿತ್ತು, ಯಾರೂ ಫೋನೆತ್ತದಿರಲೆಂದು ನಾನೇ ಹಾರೈಸಿದೆ. ಆಗ ಒಬ್ಬ ಹೆಣ್ಣುಮಗಳು ‘ನಿಮ್ಮ ಕರೆ ನಮಗೆ ಅಮೂಲ್ಯ’ ಎಂದಳು, ಕೂಸು ಚೀರಿತು. ಏಳು ತಿಂಗಳಿಗೇ ಅದಕ್ಕೆ ಇಷ್ಟು ತಿಳಿವಳಿಕೆ. ಕೊನೆಗೊಬ್ಬರು ಸಿಕ್ಕರು, ತುಂಬ ಸೌಜನ್ಯದವರು, ನಾನು ಹೇಳಿದ್ದನ್ನೆಲ್ಲ ಕೇಳಿ ಹೀಗೆಂದರು: “ಮೇಡಂ, ಸಿಸ್ಟಮ್‌ನಲ್ಲಿ ಸೀರೆ ಅಂತ ಏನೂ ಇಲ್ಲ. ಒಳಗೆ ರೊಟ್ಟಿ, ಹೊರಗೆ ಹಳೇ ಬಟ್ಟೆ ಅಂತಿದೆ.”

ಮಾನ್ಯರೇ, ನಾನು ಕೇಳುತ್ತಿರುವುದು ಆ ಹೊರಗಿನದ್ದನ್ನೇ.

ಬೇರೆ ಸೀರೆ ಕಟ್ಟಬಾರದೇ ಎಂದು ತಾವು ಕೇಳಬಹುದು. ಪ್ರಭುರಾಜನೂ ಕೇಳಿ, ಬಜಾರಿಗೆ ಹೋಗಿ ಹೊಸದೊಂದು ತಂದ. ಅದು ನುಣುಪು, ಕೂಸು ಅದರಲ್ಲಿ ಜಾರಿ ಜಾರಿ ಮೂಲೆ ಸೇರಿ ನನ್ನನ್ನೇ ನೋಡುತ್ತದೆ. ನನ್ನ ಸೀರೆ ಕಟ್ಟಿದೆ, ಎರಡು ನಿಮಿಷ ಮೂಸಿ ನೋಡಿ ಅತ್ತಿತು. ವಿಜ್ಞಾನ ಓದಿದವಳು ನಾನು, ವಾಸನೆಗೂ ನೆನಪಿಗೂ ಏನು ನಂಟೆಂದು ಪರೀಕ್ಷೆಯಲ್ಲಿ ಬರೆದು ಪಾಸಾದವಳು. ಆದರೂ ಕೂಸು ಅತ್ತರೆ ಯಾಕೆ ಅಳುತ್ತಿದೆಯೆಂದು ಹೆದರುತ್ತೇನೆ, ಸುಮ್ಮನಾದರೆ ಉಸಿರಾಡುತ್ತಿದೆಯೇ ಎಂದು ಮೂಗಿನ ಬಳಿ ಬೆರಳು ಹಿಡಿದು ಎಬ್ಬಿಸಿಬಿಡುತ್ತೇನೆ. ಡಾಕ್ಟರು ನೋಡಿ, ಕೂಸಿಗೆ ಏನೂ ಆಗಿಲ್ಲ, ಅದಕ್ಕೂ ನಿನಗೂ ನಿದ್ದೆ ಬೇಕು ಅಷ್ಟೇ ಎಂದರು. ಆ ಔಷಧಿ ತಮ್ಮ ಗೋದಾಮಿನಲ್ಲಿದೆ.

ಅವ್ವ ದಿನಾ ರಾತ್ರಿ ಫೋನು ಮಾಡುತ್ತಾಳೆ. “ಕೂಸು ಮಲಗೇತೇನ?” ಎಂದು ಕೇಳುತ್ತಾಳೆ. ನಾನು ಬಾಗಿಲ ಹೊರಗೆ ಹೋಗಿ, ಅಳು ಕೇಳಿಸದಷ್ಟು ದೂರ ನಿಂತು, “ಮಲಗೇತಿ ಬೇ” ಎನ್ನುತ್ತೇನೆ. ನಿನ್ನೆ ಆಕೆಗೆ ಅನುಮಾನ ಬಂತು. “ರೊಟ್ಟಿ ಬ್ಯಾರೆ ಅರಿವ್ಯಾಗ ಕಟ್ಟಿದ್ರ ಮುಟ್ಟತಿತ್ತೇನ? ನಾನಽ ತಪ್ಪ ಮಾಡಿದ್ನೇನವಾ?” ಎಂದಳು. ಇಲ್ಲ ಎಂದೆ. ಆಕೆ ನಂಬಲಿಲ್ಲ. ನೋಡಿ ಹೇಳಲು ಹೊಳಿಯಪ್ಪನೂ ಈಗ ಬರುವುದಿಲ್ಲ. ಸೀರೆ ಸುಟ್ಟುಹೋಯಿತೆಂದು ಆಕೆಗೆ ಹೇಳುವ ಬಾಯಿ ನನಗಿಲ್ಲ. ತಮ್ಮಲ್ಲಿ ಅದಕ್ಕೆಂದೇ ತರಬೇತಿ ಪಡೆದ ಇಂಪಾದ ದನಿಯವರಿದ್ದಾರಲ್ಲ, ಅವರಲ್ಲೊಬ್ಬರು ಹೇಳುವುದಾದರೆ ನಂಬರು ಕೊಡುತ್ತೇನೆ.

ಆದ್ದರಿಂದ ತಮ್ಮಲ್ಲಿ ಕೆಲವು ಕೋರಿಕೆಗಳು. ಸದರಿ ಸೀರೆಯನ್ನು ತಮ್ಮ ಕಂಪನಿಯ ಅತಿಥಿಯೆಂದು ಘೋಷಿಸಿ, ಕಿಟಕಿ ಪಕ್ಕದ ಸೀಟು ಕೊಟ್ಟು ಗಂಗಾವತಿಗೆ ಕಳಿಸಬೇಕು. ಟಿಕೆಟ್ಟಿನ ದುಡ್ಡು ನಾನೇ ಕೊಡುತ್ತೇನೆ, ಬೀಗರಂತೆ ಕಾಣುವುದು ಬೇಡ. ಅದು ಆಗದಿದ್ದರೆ, ತಮ್ಮ ಆಡಳಿತ ಮಂಡಳಿಯ ಹಿರಿಯರು ಪಾಳಿಯ ಮೇಲೆ ರಾತ್ರಿ ನಮ್ಮ ಮನೆಗೆ ಬಂದು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ಅಡುಗೆಮನೆಯಿಂದ ಬಾಗಿಲವರೆಗೆ ತಿರುಗಾಡಬೇಕು. ತಿರುಗುವಾಗ ನಿಲ್ಲುವಂತಿಲ್ಲ, ಕೂರುವಂತಿಲ್ಲ. ಕ್ರೂಸಿನಂತೆ ಮೆಲ್ಲಗೆ ತೇಲುತ್ತಿರಬೇಕು. ಚಹಾ ನಮ್ಮದು.

ಇವೆರಡೂ ಕಷ್ಟವೆಂದು ನನಗೂ ಗೊತ್ತು. ಸುಲಭವಾದದ್ದು ಇದೊಂದೇ ಇದೆ: ತಾವು ತಮ್ಮ ಹಾಸಿಗೆಯಲ್ಲಿ ಮಲಗಿಕೊಂಡೇ ಹುಬ್ಬಳ್ಳಿಯ ಗೋದಾಮಿಗೆ ಒಂದು ಫೋನು ಮಾಡಿ, ‘ಆ ಹಸಿರು ಚೌಕಳಿಯ ಗಂಟನ್ನು ಸುಡಬೇಡಿ’ ಎಂದು ಹೇಳುವುದು. ಅಲ್ಲಿ ರಾತ್ರಿ ಇರುವವರ ನಂಬರು ನನಗೆ ಗೊತ್ತಿಲ್ಲ, ತಮಗೆ ಗೊತ್ತಿರಲೇಬೇಕು. ಇಷ್ಟಾದರೆ ನಕ್ಷತ್ರ ಐದಲ್ಲ, ಕಿಟಕಿಯಿಂದ ಕಾಣುವಷ್ಟನ್ನೂ ಕೊಡುತ್ತೇನೆ. ಈಗ ನಾಲ್ಕು ಹೊಡೆಯುತ್ತಿದೆ.

ತಮ್ಮ ವಿಶ್ವಾಸಿ (ತಮ್ಮ ಆ್ಯಪಿನ ಪ್ರಕಾರ, ಸದ್ಯಕ್ಕೆ ಕಂಚಿನ ದರ್ಜೆಯ ವಿಶ್ವಾಸಿ),
ಅನುಷಾ ಪ್ರಭುರಾಜ
ಗಂಗಾವತಿ

ತಾ.ಕ.: ಗಂಟಿನೊಳಗಿರುವುದು ಸಜ್ಜೆಯ ಕಟಕ್ ರೊಟ್ಟಿ, ಶೇಂಗಾ ಚಟ್ನಿ, ತಿಂಗಳಾದರೂ ಕೆಡುವಂಥವಲ್ಲ, ತಮ್ಮ ಯಂತ್ರಕ್ಕೆ ಇದನ್ನು ಯಾರೂ ಹೇಳಿಕೊಟ್ಟಂತಿಲ್ಲ. ಗೋದಾಮಿನಲ್ಲಿ ರಾತ್ರಿ ಪಾಳಿ ಮಾಡುವವರು ಅವನ್ನು ಸಂಕೋಚವಿಲ್ಲದೆ ಊಟ ಮಾಡಲಿ, ಅವ್ವನಿಗೆ ಸಂತೋಷವಾಗುತ್ತದೆ. ಆದರೆ ದಯವಿಟ್ಟು ಸೀರೆಗೆ ಕತ್ತರಿ ಹಾಕಬಾರದು. ಅವ್ವನ ಗಂಟು ಬಿಗಿ, ಎಳೆದಷ್ಟೂ ಬಿಗಿಯುತ್ತದೆ, ಅದನ್ನು ಬಿಚ್ಚುವ ಬಗೆ ಬೇರೆ. ಬಾರದಿದ್ದರೆ ನನಗೆ ಫೋನು ಮಾಡಲು ಹೇಳಿ, ಯಾವ ಎಳೆ ಹಿಡಿಯಬೇಕೆಂದು ಹೇಳಿಕೊಡುತ್ತೇನೆ. ನನ್ನ ನಂಬರು ತಮ್ಮಲ್ಲಿದೆ, ಎರಡೂವರೆಗೆ ನಕ್ಷತ್ರ ಕೇಳಿದ್ದು ಆ ನಂಬರಿಗೇ. ಮಲಗಿದವರನ್ನು ಎಬ್ಬಿಸಿದಂತಾಗುತ್ತದೆಂಬ ಭಯ ಬೇಡ, ಆ ಕೆಲಸ ತಾವು ಆಗಲೇ ಮಾಡಿ ಮುಗಿಸಿದ್ದೀರಿ. ತಾವೇ ಮಾಡಿ, ಅವರೇ ಮಾಡಲಿ, ಬೆಳಗಾಗುವುದರೊಳಗೆ ಒಂದು ಫೋನು ಮಾಡಿ.