ವಾಲ್ಟರ್ ಜೊತೆ ಇಗರ್ಜಿ ಸುತ್ತಿದ್ದು

ಊಟಕ್ಕೆ ಕರೆದವರ ಮನೆಯಲ್ಲಿ "ಇನ್ನೊಂದು ಹಾಕ್ಲಾ?" ಎಂದಾಗ ನಾವು ಹೇಳುವ ಮೊದಲನೆಯ "ಬೇಡ"ವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎರಡನೆಯದು ಸಂಕೋಚದ್ದು. ಮೂರನೆಯದಕ್ಕೆ ಸ್ವಲ್ಪ ಬೆಲೆ ಕೊಡಬಹುದು, ಅದೂ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದಿದ್ದರೆ. ರಾಜಾಜಿನಗರದ ನಮ್ಮ ಮನೆಯಲ್ಲಿ ಕಲಿತ ಈ ವಿದ್ಯೆಯನ್ನು ನಾನು ಸ್ವೀಡನ್ನಿಗೆ ಬಂದ ಹೊಸತರಲ್ಲಿ ನನ್ನ ಮೇಲಧಿಕಾರಿಯ ಮನೆಯಲ್ಲಿ ಪ್ರಯೋಗಿಸಿದೆ. ಆತನ ಹೆಂಡತಿ ಏಲಕ್ಕಿ ಹಾಕಿ ಮಾಡಿದ ಬನ್ನಿನ ತಟ್ಟೆ ಹಿಡಿದು ಬಂದರು. ಘಮಘಮ ಅನ್ನುತ್ತಿತ್ತು. ನಾನು ಮರ್ಯಾದಸ್ಥನಂತೆ "ನೇ ತಕ್", ಅಂದರೆ ಬೇಡ, ಥ್ಯಾಂಕ್ಸ್, ಎಂದೆ. ಆಕೆ ನಗುತ್ತಾ ತಟ್ಟೆಯನ್ನು ಪಕ್ಕದವನ ಕಡೆ ತಿರುಗಿಸಿದರು. ತಟ್ಟೆ ಮತ್ತೆ ನನ್ನ ಕಡೆ ಬರಲಿಲ್ಲ. ಮನೆಗೆ ಬಂದು ಚಿತ್ರಾನ್ನ ಕಲಸಿಕೊಂಡು ತಿಂದೆ.

ಇದನ್ನು ಯಾಕೆ ಹೇಳಿದೆನೆಂದರೆ, ನನ್ನ ಕಥೆಯಲ್ಲಿ ಬರುವ ತಾಪತ್ರಯಗಳೆಲ್ಲ ಇದೇ ಜಾತಿಯವು. ಎಸ್ಕಿಲ್‌ಸ್ಟುನಾದಲ್ಲಿ ಮಣ್ಣು ತೋಡುವ ಯಂತ್ರಗಳನ್ನು ಮಾಡುವ ಕಾರ್ಖಾನೆಯೊಂದರಲ್ಲಿ ನಾನು ಎಂಜಿನಿಯರ್. ಅಲ್ಲಿ ನನಗಿದ್ದ ಒಬ್ಬನೇ ಕನ್ನಡ ಸ್ನೇಹಿತ ವಾಲ್ಟರ್. ಉಡುಪಿ ಕಡೆಯವರು, ಮನೆಮಾತು ಕೊಂಕಣಿ. ನನ್ನದೇ ಕಾರ್ಖಾನೆ, ನನ್ನದೇ ಕಟ್ಟಡ, ನನ್ನ ಮನೆಯ ಮೇಲಿನ ಮನೆ. ಅವರು ಕುರ್ಚಿ ಎಳೆದರೆ ನನಗೆ ಕೇಳುತ್ತಿತ್ತು. ನಾನು ಒಗ್ಗರಣೆ ಹಾಕಿದರೆ ಅವರಿಗೆ ಸೀನು ಬರುತ್ತಿತ್ತು. ಇಷ್ಟು ಹತ್ತಿರವಿದ್ದೂ ನಾಲ್ಕು ವರ್ಷ ನಾವು ಒಬ್ಬರಿಗೊಬ್ಬರು "ನೀವು", "ತಾವು" ಅಂದುಕೊಂಡೇ ಇದ್ದೆವು. ಸಿನಿಮಾ ಯಾವುದು ನೋಡೋಣ ಎಂದರೆ ಅವರು "ನಿಮಗೆ ಯಾವುದು ಖುಷಿಯೋ ಅದು" ಅನ್ನುವರು. ನಾನು "ಛೇ ಛೇ, ನೀವು ಹೇಳಿ" ಅನ್ನುವೆ. ಅಷ್ಟು ಹೊತ್ತಿಗೆ ನಮ್ಮ ಹೆಂಡತಿಯರು ಯಾವುದೋ ಒಂದನ್ನು ಹಾಕಿ ಅರ್ಧ ನೋಡಿ ಮುಗಿಸಿರುತ್ತಿದ್ದರು. ಕಾರ್ಖಾನೆಯ ಮೀಟಿಂಗುಗಳೂ ಹಾಗೇ. ಎಲ್ಲರೂ ಒಪ್ಪುವವರೆಗೆ ಅಲ್ಲಿ ಯಾವುದೂ ತೀರ್ಮಾನವಾಗುವುದಿಲ್ಲ, ಕಾಫಿ ಮಾತ್ರ ಬರುತ್ತಲೇ ಇರುತ್ತದೆ. ಹೀಗೆ ನಮ್ಮ ಊರಿನ ಸಂಕೋಚಕ್ಕೆ ಸ್ವೀಡನ್ನಿನವರ ಸಮಾಧಾನವೂ ಸೇರಿ ನಾವಿಬ್ಬರೂ ಒಂದು ತೀರ್ಮಾನಕ್ಕೂ ಬಾರದ ಮನುಷ್ಯರಾಗಿದ್ದೆವು.

ಆ ವರ್ಷ ಮೇ ತಿಂಗಳಲ್ಲಿ ವಾಲ್ಟರ್ ನನ್ನನ್ನು ಕಟ್ಟಡದ ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ಹಿಡಿದರು. ಗೋಥೆನ್‌ಬರ್ಗ್ ಪಕ್ಕದ ಟೋರ್ಸ್‌ಲಾಂಡದಲ್ಲಿ, ಕಾರು ಮಾಡುವ ಕಡೆ, ಅವರಿಗೆ ಒಳ್ಳೆಯ ಕೆಲಸ ಕರೆದಿದ್ದರಂತೆ. ಬೇಸಿಗೆ ರಜೆ ಮುಗಿಯುವುದರೊಳಗೆ ಉತ್ತರ ಹೇಳಬೇಕಂತೆ. "ಹೋಗುವುದಾ ಬೇಡವಾ, ನೀವು ಎಂತ ಹೇಳ್ತೀರಿ?" ಎಂದು ಕೇಳಿದರು. ಇವರು ಹೋದರೆ ಈ ಊರಿನಲ್ಲಿ ನಾನು ಯಾರ ಹತ್ತಿರ ಮಾತಾಡಲಿ? ಹೆಂಡತಿ ಸುಮನಾಗೆ ನನ್ನ ಮಾತು ಸಾಕಾಗಿದೆ. ಮಗಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷಿನಲ್ಲಿ ಉತ್ತರ ಕೊಡುತ್ತಾಳೆ. ಆದರೆ ಸ್ನೇಹಿತನ ಏಳಿಗೆಗೆ ಅಡ್ಡ ಬರುವುದುಂಟೇ? "ಒಳ್ಳೇ ಅವಕಾಶ, ಖಂಡಿತ ಬಿಡಬೇಡಿ" ಎಂದೆ. ವಾಲ್ಟರ್ ಮುಖ ಒಂದು ಥರಾ ಆಯಿತು. ಬಟ್ಟೆ ಒಣಗಿಸುವ ಯಂತ್ರದ ಸೆಕೆಗಿರಬೇಕು ಅಂದುಕೊಂಡೆ.

ಜುಲೈ ಬಂತೆಂದರೆ ನಮ್ಮ ಕಾರ್ಖಾನೆಗೆ ಬೀಗ. ರಜೆ ಬೇಡವೆಂದವರೂ ರಜೆ ತೆಗೆದುಕೊಳ್ಳಲೇಬೇಕು. ಸುಮನಾ ಮತ್ತು ವಾಲ್ಟರ್ ಹೆಂಡತಿ ಸಿಲ್ವಿಯಾ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋಗಿದ್ದರು. ಹೋಗುವ ಮೊದಲು "ನೀವಿಬ್ಬರೂ ಎಲ್ಲಾದ್ರೂ ಸುತ್ತಾಡ್ಕೊಂಡು ಬನ್ನಿ, ಮನೇಲಿ ಕೂತು ಫ್ರಿಜ್ ಖಾಲಿ ಮಾಡಬೇಡಿ" ಎಂದು ಅಪ್ಪಣೆ ಕೊಟ್ಟಿದ್ದರು. ಸ್ವೀಡನ್ನಿನವರು ಬೇಸಿಗೆಯಲ್ಲಿ ಹೋಗುವುದೇ ದಕ್ಷಿಣ ಯುರೋಪಿಗೆ. ಅಗ್ಗದ ವಿಮಾನ ಸಿಕ್ಕಿತು. ಬಾರ್ಸಿಲೋನಾಗೆ ಹಾರುವುದು, ಅಲ್ಲಿಂದ ರೈಲಿನಲ್ಲಿ ನೀಸ್, ಜಿನೋವಾ, ಕೊನೆಗೆ ನೇಪಲ್ಸ್.

ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದು ಬಿಸಿಲು. ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಚಳಿಗಾಲ ಕಳೆದವನಿಗೆ ಬೆಚ್ಚಗಿನ ಮರಳಿನ ಮೇಲೆ ಅಂಗಾತ ಬಿದ್ದುಕೊಂಡು, ನೀರಿನಲ್ಲಿ ಕಾಲು ಬಿಟ್ಟುಕೊಂಡು, ಏನೂ ಮಾಡದೆ ಇರಬೇಕು ಅನ್ನಿಸುವುದು ತಪ್ಪೇ? ಆದರೆ ವಾಲ್ಟರ್ ಸಮುದ್ರದ ಪಕ್ಕದಲ್ಲೇ ಹುಟ್ಟಿದವರು. ಅಂಥವರನ್ನು ಇಷ್ಟು ದೂರ ಕರೆತಂದು ಮತ್ತೆ ಸಮುದ್ರವನ್ನೇ ತೋರಿಸುವುದೇ? ಕ್ಯಾಥೊಲಿಕ್ಕರು, ಇಲ್ಲಿ ಹೆಜ್ಜೆಗೊಂದು ಭವ್ಯವಾದ ಚರ್ಚಿದೆ, ನೋಡಬೇಕೆಂಬ ಆಸೆ ಇದ್ದೇ ಇರುತ್ತದೆ, ಪಾಪ, ನನ್ನ ಹತ್ತಿರ ಹೇಳಲು ಸಂಕೋಚ. ಹೀಗೆಂದುಕೊಂಡು ಬಾರ್ಸಿಲೋನಾದಲ್ಲಿ ಇಳಿದ ಬೆಳಿಗ್ಗೆಯೇ "ಮೊದಲು ಚರ್ಚ್ ನೋಡೋಣವಾ?" ಎಂದೆ. "ನಿಮಗೆ ಖುಷಿ ಅಂತಾದ್ರೆ ನಂಗೆ ಎಂತ ಇಲ್ಲ" ಎಂದರು ವಾಲ್ಟರ್. ನನ್ನ ಅಂದಾಜು ಸರಿಯಾಗಿದೆ ಎಂದು ಬೀಗಿದೆ. ಆಮೇಲೆ ಕಂಡ ಕಂಡ ಗೋಪುರಕ್ಕೆಲ್ಲ ಅವರನ್ನು ನುಗ್ಗಿಸಿದೆ.

ಇನ್ನು ಊಟ. ಬಾರ್ಸಿಲೋನಾದ ಮಾರುಕಟ್ಟೆಯಲ್ಲಿ ಮೀನು ಕರಿಯುವ ವಾಸನೆ ಬಂದಾಗ ವಾಲ್ಟರ್ ನಡಿಗೆ ತಾನಾಗಿ ನಿಧಾನವಾಯಿತು. ನಾನು ಶುದ್ಧ ಪುಳಿಚಾರು. ಆದರೂ ಉದಾರಿ. "ನೀವು ತಿನ್ನಿ, ನನಗೇನೂ ತೊಂದರೆ ಇಲ್ಲ" ಎಂದೆ. "ಬೇಡ ಬೇಡ" ಎಂದರು. ಮತ್ತೆ ಹೇಳಿದೆ. "ಇಲ್ಲ ಮಾರಾಯ್ರೆ, ಬೇಡ." ಮೂರನೆಯ ಸಲವೂ ಕೇಳಿದೆ. "ನಂಗೂ ಈಗ ವೆಜ್ಜೇ ಒಳ್ಳೆದಾಗ್ತದೆ" ಎಂದರು. ಮೂರು ಸಲ ಬೇಡ ಎಂದಮೇಲೆ ಮುಗಿಯಿತಲ್ಲ, ನಮ್ಮ ಮನೆಯ ನಿಯಮದ ಪ್ರಕಾರ ಅದು ಅಪ್ಪಟ ಬೇಡ. ಅಂದಿನಿಂದ ಇಬ್ಬರೂ ಮೂರು ಹೊತ್ತೂ ಟೊಮೆಟೊ ಚೀಸ್ ಹಾಕಿದ ಪಿಜ್ಜಾ, ಇಲ್ಲದಿದ್ದರೆ ಬ್ರೆಡ್ಡಿಗೆ ನಾನು ತಂದಿದ್ದ ಚಟ್ನಿಪುಡಿ. ಊಟದ ಸಮಯದ ಗೊಂದಲ ಬೇರೆ. ಎಸ್ಕಿಲ್‌ಸ್ಟುನಾದಲ್ಲಿ ಹನ್ನೊಂದೂವರೆಗೆ ಮಧ್ಯಾಹ್ನದೂಟ ಮುಗಿಸಿ ಐದೂವರೆಗೆ ರಾತ್ರಿಯೂಟಕ್ಕೆ ಕೂರುವ ಹೊಟ್ಟೆ ನಮ್ಮದು. ಸ್ಪೇನಿನಲ್ಲಿ ಐದೂವರೆಗೆ ಹೋಟೆಲಿನ ಬಾಗಿಲು ತಟ್ಟಿದರೆ ಒಳಗೆ ನೆಲ ಒರೆಸುತ್ತಿದ್ದವನು ನಮ್ಮನ್ನು ಯಾವುದೋ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಬಂದವರೇನೋ ಎಂಬಂತೆ ನೋಡಿದ.

ಜಿನೋವಾದಲ್ಲಿ ಒಂದು ಪ್ರಸಂಗ ನಡೆಯಿತು. ಹಸಿವಿಗೋ ಬಿಸಿಲಿಗೋ ತಲೆ ಮಂಕಾಗಿತ್ತು. ಚರ್ಚಿನ ಬಾಗಿಲಿಗೆ ಬಂದವನು ಅಭ್ಯಾಸಬಲದಿಂದ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಿಬಿಟ್ಟೆ. ಇದು ತಪ್ಪೆಂದು ವಾಲ್ಟರಿಗೆ ಗೊತ್ತು. ಆದರೆ ನನಗೆ ಅವಮಾನವಾಗಬಾರದಲ್ಲ, ತಾವೂ ಬೂಟು ಕಾಲುಚೀಲ ಬಿಚ್ಚಿಟ್ಟು ನನ್ನ ಹಿಂದೆಯೇ ಬಂದರು. ಒಳಗಿದ್ದ ಒಬ್ಬ ಅಜ್ಜಿ ನಮ್ಮ ಕಾಲು ನೋಡಿ ಕೈ ಮುಗಿದಳು. ದೂರದೇಶದಿಂದ ಬರಿಗಾಲಲ್ಲಿ ಹರಕೆ ತೀರಿಸಲು ಬಂದವರೆಂದು ತಿಳಿದಳೋ ಏನೋ, ತನ್ನ ಮಂಡಿ ತೋರಿಸಿ, ಮುಖ ಕಿವುಚಿ, ನಮ್ಮ ಕೈಗೊಂದು ಮೇಣದಬತ್ತಿ ಕೊಟ್ಟಳು. ವಾಲ್ಟರ್ ಅದನ್ನು ಹಚ್ಚಿಟ್ಟು ಶಿಲುಬೆಯ ಗುರುತು ಮಾಡಿಕೊಂಡು ಮೊಣಕಾಲೂರಿದರು. ನಾನೂ ಮೊಣಕಾಲೂರಿದೆ. ಅವರು ಏಳುವ ಮೊದಲು ಎದ್ದರೆ ಮರ್ಯಾದೆಯಲ್ಲವೆಂದು ಕಾದೆ. ನಾನು ಮೊದಲು ಏಳಲಿ ಎಂದು ಅವರು ಕಾದರಂತೆ. ಅಜ್ಜಿಯ ಮಂಡಿ ಏನಾಯಿತೋ, ನಮ್ಮ ಮಂಡಿ ಎರಡು ದಿನ ನೋಯುತ್ತಿತ್ತು.

ಇಷ್ಟೆಲ್ಲದರ ನಡುವೆ ನಾನು ಕಾಯುತ್ತಿದ್ದದ್ದು ಒಂದೇ ಮಾತಿಗೆ. "ನಾನು ಹೋಗೋದಿಲ್ಲ" ಅನ್ನುತ್ತಾರೇನೋ ಎಂದು ರೈಲಿನಲ್ಲಿ, ಬೆಂಚಿನಲ್ಲಿ, ಪಿಜ್ಜಾದ ಮುಂದೆ, ಎಲ್ಲ ಕಡೆ ಅವರ ಬಾಯಿಯನ್ನೇ ನೋಡುತ್ತಿದ್ದೆ. ಅವರೂ ಆಗಾಗ ನನ್ನ ಮುಖ ನೋಡಿ ಏನೋ ಹೇಳಲು ಹೊರಟು, "ಸೆಕೆ ಅಲ್ವಾ?" ಎಂದು ಸುಮ್ಮನಾಗುತ್ತಿದ್ದರು. ದಿನ ಕಳೆದಂತೆ ಮಾತು ಕಡಿಮೆಯಾಯಿತು. ಇನ್ನು ಉಳಿದಿರುವುದೇ ಕೆಲವು ದಿನ, ಅದೂ ಹೀಗೆ ಬಿಗಿದುಕೊಂಡು ಕಳೆಯುತ್ತಿದೆಯಲ್ಲ ಎಂದು ನನಗೆ ಸಂಕಟವಾಗುತ್ತಿತ್ತು.

ನೇಪಲ್ಸಿನ ಬಂದರಿನ ಪಕ್ಕ ಒಂದು ಸಂಜೆ ಹೋಟೆಲಿನ ಹೊರಗೆ ಕೂತಿದ್ದೆವು. ಪಕ್ಕದ ಮೇಜಿಗೆ ಗರಿಗರಿಯಾಗಿ ಕರಿದ ಸಣ್ಣ ಮೀನಿನ ತಟ್ಟೆ ಬಂತು. ನಮಗೆ ಎಂದಿನ ಪಿಜ್ಜಾ ಬಂತು. ನಾನು ಮಾರ್ಗದರ್ಶಿ ಪುಸ್ತಕ ಬಿಡಿಸಿ, "ನಾಳೆ ಬೆಳಿಗ್ಗೆ ಇಲ್ಲೇ ಹತ್ತಿರ ಇನ್ನೊಂದು ಚರ್ಚಿದೆ, ಬಹಳ ಹಳೇದಂತೆ" ಎಂದೆ.

ವಾಲ್ಟರ್ ಫೋರ್ಕನ್ನು ಕೆಳಗಿಟ್ಟರು. "ಇನ್ನೊಂದು ಇಗರ್ಜಿ ತೋರಿಸಿದ್ರೆ ನಾನು ಧರ್ಮ ಬಿಡ್ತೇನೆ ಮಾರಾಯ್ರೆ!"

"ನಿಮಗೋಸ್ಕರ ತಾನೇ ನಾನು ಸುತ್ತಿದ್ದು!"

"ನಂಗೋಸ್ಕರ? ಸಣ್ಣದಿರುವಾಗ ದಿನಾ ಬೆಳಿಗ್ಗೆ ಎದ್ದು ಇಗರ್ಜಿಯ ಪೂಜೆಗೆ ಹೋದವ ನಾನು. ನಂಗೆ ಇಗರ್ಜಿ ಬೇಕಂತ ಯಾರು ಹೇಳಿದ್ದು ನಿಮಗೆ? ನಿಮಗೆ ಆಸೆ ಉಂಟು, ಪುಸ್ತಕ ಎಲ್ಲ ಓದ್ತೀರಿ ಅಂತ ನಾನು ಸುಮ್ನೆ ಬಂದದ್ದು."

"ಮತ್ತೆ ಮೀನು? ಮೂರು ಸಲ ಕೇಳಿದೆನಲ್ರೀ!"

"ಕೇಳುವುದೆಂತದ್ದು? ನಮ್ಮಲ್ಲಿ ಕೇಳುವ ಕ್ರಮವೇ ಇಲ್ಲ. ತಂದು ಬಡಿಸಿಯೇ ಬಿಡುವುದು!"

ನನಗೂ ಎಲ್ಲಿತ್ತೋ ಸಿಟ್ಟು. ಎದ್ದು ನಿಂತು, ಮಾಣಿಯನ್ನು ಕರೆದು, ಪಕ್ಕದ ಮೇಜಿನ ಮೀನು ತೋರಿಸಿ, ಅದನ್ನೇ ತಂದು ಇವರ ಮುಂದೆ ಇಡು ಎಂದು ಕೈಸನ್ನೆ ಮಾಡಿದೆ. ಜನ್ಮದಲ್ಲಿ ಮೊದಲ ಸಲ ಮೀನು ಆರ್ಡರ್ ಮಾಡಿದೆ, ಅದೂ ಕೂಗಾಡಿಕೊಂಡು. ಕೂಗುವುದು ಒಮ್ಮೆ ಶುರುವಾದರೆ ನಿಲ್ಲುವುದು ಕಷ್ಟ. "ಇನ್ನೊಂದು ಹೇಳ್ತೀನಿ ಕೇಳು, ಗೋಥೆನ್‌ಬರ್ಗಿಗೂ ಹೋಗಬೇಡ! ನೀನು ಹೋದ್ರೆ ನಂಗೆ ಅಲ್ಲಿ ಯಾರಿದ್ದಾರೆ?" ಎಂದುಬಿಟ್ಟೆ. ಏಕವಚನ ಬಂದದ್ದು ನನಗೇ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಬಂದ ಮೀನಿನ ತಟ್ಟೆಯನ್ನು ವಾಲ್ಟರ್ ಹತ್ತಿರಕ್ಕೆ ಎಳೆದುಕೊಂಡರು. "ಈ ಒಂದು ಮಾತು ಕೇಳ್ಲಿಕ್ಕೆ ನಾನು ಮೇ ತಿಂಗಳಿಂದ ಕಾಯ್ತಾ ಇದ್ದೇನೆ ಮಾರಾಯ. ನೀನು ಹೋಗು ಹೋಗು ಅಂತ ಹೇಳಿದಿ. ನನ್ನನ್ನು ಕಳಿಸ್ಲಿಕ್ಕೆ ಇವನಿಗೆ ಇಷ್ಟು ಅರ್ಜೆಂಟಾ ಅಂತ ಬೇಜಾರಾಯ್ತು" ಎಂದರು. ಆಮೇಲೆ ಒಂದು ಮೀನನ್ನು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿ, "ಇದು ನಮ್ಮ ಊರಿನ ಬೂತಾಯಿ ಮೀನೇ" ಎಂದರು. ಕಣ್ಣಲ್ಲಿ ನೀರಿತ್ತು. ಮೀನಿಗೋ ನನಗೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

ಮರುದಿನ ಇಂಟರ್‌ನೆಟ್ ಅಂಗಡಿಯೊಂದಕ್ಕೆ ಹೋಗಿ ವಾಲ್ಟರ್ ಟೋರ್ಸ್‌ಲಾಂಡಕ್ಕೆ "ಬರಲಾಗುವುದಿಲ್ಲ, ಕ್ಷಮಿಸಿ" ಎಂದು ಮೇಲ್ ಹಾಕಿದರು. ಉಳಿದ ದಿನಗಳಲ್ಲಿ ಅವರು ಒಂದು ಹೊತ್ತೂ ಮೀನು ಬಿಡಲಿಲ್ಲ, ನಾನು ಮರಳು ಬಿಟ್ಟು ಏಳಲಿಲ್ಲ. ಬಾಯಿ ಬಿಚ್ಚಿದ ಮೇಲೆ ಅವರು ಬೇರೆಯದನ್ನೂ ಹೇಳಿದರು. ನಾಲ್ಕು ವರ್ಷದಿಂದ ಭಾನುವಾರ ಭಾನುವಾರ ನಾನು ಕೊಡುತ್ತಿದ್ದ ಬಿಸಿಬೇಳೆಬಾತ್ ಅವರಿಗೆ ಸೇರುವುದಿಲ್ಲವಂತೆ, ಬೆಲ್ಲ ಜಾಸ್ತಿಯಂತೆ. ಇಷ್ಟು ಪ್ರಾಮಾಣಿಕತೆಯನ್ನು ನಾನೂ ನಿರೀಕ್ಷಿಸಿರಲಿಲ್ಲ.

ಆಗಸ್ಟಿನಲ್ಲಿ ಹೆಂಡತಿಯರು ಬಂದರು. ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ವಾಲ್ಟರ್ ದೊಡ್ಡ ಉಡುಗೊರೆ ಕೊಡುವವರಂತೆ, "ನಾವು ಎಲ್ಲಿಗೂ ಹೋಗುವುದಿಲ್ಲ, ಇಲ್ಲೇ ಇರುವುದು" ಎಂದು ಘೋಷಿಸಿದರು. ಸಿಲ್ವಿಯಾ ಕೈಯಲ್ಲಿದ್ದ ಚಪಾತಿ ಕೆಳಗಿಟ್ಟರು.

"ನನ್ನನ್ನು ಕೇಳಿದ್ದು ಯಾರು?"

ಯಾರೂ ಕೇಳಿರಲಿಲ್ಲ. ಸಿಲ್ವಿಯಾ ಫಾರ್ಮಸಿ ಓದಿದವರು. ಎಸ್ಕಿಲ್‌ಸ್ಟುನಾದಲ್ಲಿ ಆ ಓದಿಗೆ ತಕ್ಕ ಕೆಲಸ ಸಿಗದೆ ದಾಗಿಸ್‌ನಲ್ಲಿ, ಅಂದರೆ ಇಲ್ಲಿನ ಶಿಶುವಿಹಾರದಲ್ಲಿ, ಯಾರಾದರೂ ರಜೆ ಹಾಕಿದ ದಿನ ಹೋಗಿ ಮಕ್ಕಳ ಮೂಗು ಒರೆಸುತ್ತಿದ್ದರು. ಗೋಥೆನ್‌ಬರ್ಗ್ ಪಕ್ಕದ ಮೋಲ್ನ್‌ಡಾಲ್‌ನಲ್ಲಿ ಔಷಧಿ ಸಂಶೋಧನೆಯ ಕೆಲಸವೊಂದಕ್ಕೆ ಅರ್ಜಿ ಹಾಕಿದ್ದರು, ಸಂದರ್ಶನಕ್ಕೂ ಕರೆ ಬಂದಿತ್ತು. ಗಂಡನಿಗೆ ಸ್ನೇಹಿತನನ್ನು ಬಿಡುವುದು ಕಷ್ಟ, ಹೊರಡೋಣವೆಂದು ತಾನಾಗಿ ಹೇಳಲಿ ಎಂದು ಸುಮ್ಮನಿದ್ದರಂತೆ. ಸುಮನಾ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದು ಬೇಡ. ನನಗೆ ನಿಜವಾಗಿಯೂ ನಾಚಿಕೆಯಾಯಿತು.

ಪುಣ್ಯಕ್ಕೆ ಟೋರ್ಸ್‌ಲಾಂಡದವರೂ ಸ್ವೀಡನ್ನಿನವರೇ. ವಾಲ್ಟರ್ ಕಳಿಸಿದ ಮೇಲ್ ಓದಬೇಕಾದವರು ಇಡೀ ಜುಲೈ ಯಾವುದೋ ದ್ವೀಪದಲ್ಲಿ ಬಿಸಿಲು ಕಾಯುತ್ತಿದ್ದರು. ಅವರು ರಜೆ ಮುಗಿಸಿ ಅದನ್ನು ತೆರೆಯುವ ಹೊತ್ತಿಗೆ ಅದರ ಮೇಲೆ "ಬರುತ್ತೇನೆ" ಎಂಬ ಇನ್ನೊಂದು ಮೇಲ್ ಕೂತಿತ್ತು. ಅವರಿಗೆ ಅದು ವಿಚಿತ್ರವೆನಿಸಲಿಲ್ಲವೋ, ಅಥವಾ ಕೇಳಲು ಅವರಿಗೂ ಸಂಕೋಚವೋ, ಕೆಲಸವಂತೂ ಉಳಿಯಿತು. ಸೆಪ್ಟೆಂಬರಿನಲ್ಲಿ ನಾನೇ ಅವರ ಸೋಫಾದ ಒಂದು ತುದಿ ಹಿಡಿದು ಮೆಟ್ಟಿಲಿಳಿಸಿದೆ. ವ್ಯಾನು ಹೋದಮೇಲೆ ಮನೆಗೆ ಬಂದು ಮೇಲಿನ ಕುರ್ಚಿಯ ಸದ್ದಿಗೆ ಕಿವಿಗೊಟ್ಟು ಕೂತಿದ್ದೆ. ಸುಮನಾ "ಅಳಬೇಕು ಅನ್ಸಿದ್ರೆ ಅಳಿ, ಯಾರು ಬೇಡ ಅಂದ್ರು" ಎಂದಳು. ಅತ್ತುಬಿಟ್ಟೆ.

ಆಮೇಲೆ ನಾನೂ ಟೋರ್ಸ್‌ಲಾಂಡಕ್ಕೆ ಅರ್ಜಿ ಹಾಕಿದೆ. ಸಂದರ್ಶನಕ್ಕೆ ಕರೆದರು. ಮೂರು ಜನ ಕೂತಿದ್ದರು, ಕಾಫಿಯಿತ್ತು, ಏಲಕ್ಕಿ ಬನ್ನೂ ಇತ್ತು. ಯಂತ್ರದ ಪ್ರಶ್ನೆಗಳಿಗೆಲ್ಲ ಚೆನ್ನಾಗಿ ಉತ್ತರಿಸಿದೆ. ಕೊನೆಗೆ ಅವರಲ್ಲಿ ಹಿರಿಯಳಾದ ಹೆಂಗಸು, "ಎಲ್ಲ ಬಿಟ್ಟು ನಮ್ಮಲ್ಲಿಗೇ ಯಾಕೆ ಬರಬೇಕು ಅಂತೀರಿ?" ಎಂದು ಕೇಳಿದಳು. ಕಾರು ಎಂದರೆ ನನಗೆ ಚಿಕ್ಕಂದಿನಿಂದ ಪ್ರಾಣ ಎಂದು ಹೇಳಲು ಸಿದ್ಧಮಾಡಿಕೊಂಡು ಬಂದಿದ್ದೆ. ಆದರೆ ನೇಪಲ್ಸ್‌ನಿಂದ ಬಂದಮೇಲೆ ಮನಸ್ಸಿನಲ್ಲಿದ್ದದ್ದನ್ನೇ ಹೇಳುವುದೆಂದು ತೀರ್ಮಾನಿಸಿದ್ದೆನಲ್ಲ. "ಕಾರಿನ ಬಗ್ಗೆ ನನಗೆ ಅಂಥ ಆಸಕ್ತಿ ಇಲ್ಲ. ನನ್ನ ಸ್ನೇಹಿತ ಇಲ್ಲಿದ್ದಾನೆ" ಎಂದೆ. ಮೂವರೂ ತಲೆಯಾಡಿಸಿದರು. ಇಷ್ಟು ಪ್ರಾಮಾಣಿಕವಾದ ಉತ್ತರ ತಾನು ಕೇಳಿಯೇ ಇಲ್ಲ ಎಂದು ಆಕೆ ಎದ್ದು ನಿಂತು ನನ್ನ ಕೈ ಕುಲುಕಿದಳು.

ಕೆಲಸ ಬೇರೆ ಯಾರಿಗೋ ಸಿಕ್ಕಿತು. ಆ ದಿನ ವಾಲ್ಟರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. "ನಿಂಗೆ ಎಂತ ಹುಚ್ಚಾ ಮಾರಾಯ? ಮನಸ್ಸಲ್ಲಿದ್ದದ್ದು ನಂಗೆ ಹೇಳಿದ್ರೆ ಸಾಕಿತ್ತು. ಅವರಿಗೆ ಯಾಕೆ ಹೇಳ್ಲಿಕ್ಕೆ ಹೋದದ್ದು?" ಎಂದು ಬೈದ.