ದೀಪದ ಮೇಲಿನ ಮಂಜುಗಡ್ಡೆ

ಕೆಳಗೆ ಸೀಮೆಎಣ್ಣೆ ದೀಪ ಉರಿಸಿದರೆ ಮೇಲೆ ಚೌಕಚೌಕ ಮಂಜುಗಡ್ಡೆ ಆಗುವ ಪೆಟ್ಟಿಗೆಯೊಂದು ಇಂಗ್ಲಿಷ್ ದೊರೆಯ ಲಾರಿಯಲ್ಲಿತ್ತು. ಅಡುಗೆಯ ಕರಿಸಿದ್ದಯ್ಯನ ಗ್ರಹಚಾರ ಶುರುವಾದದ್ದೇ ಅದರಿಂದ. ಎರಡನೇ ಮಹಾಯುದ್ಧಕ್ಕೆ ಹಿಂದಿನ ವರ್ಷದ ಬೇಸಿಗೆ ಅದು. ಲಾರಿಯನ್ನೇ ಮನೆ ಮಾಡಿಕೊಂಡು, ಮಂಚ, ಒಲೆ, ಪರದೆ ಎಲ್ಲ ಕೂರಿಸಿ ಊಟಿಗೆ ಹೋಗುವ ಹುಚ್ಚು ದೊರೆಗೆ. ಮೊದಲು ಪರೀಕ್ಷೆಯಾಗಲೆಂದು ಮಳವಳ್ಳಿ ಆಚೆಯ ಬೆಟ್ಟದ ತುದಿಗೆ ಲಾರಿ ಹತ್ತಿಸಿದರು.

"ಸಂಜೆಗೆ ಗ್ಲಾಸಿನಲ್ಲಿ ಮಂಜುಗಡ್ಡೆ ಇರಬೇಕು. ಇಲ್ಲದಿದ್ದರೆ ಪೆಟ್ಟಿಗೇನೂ ಬೇಡ, ಅದನ್ನ ಕಾಯೋನೂ ಬೇಡ," ಎಂದು ಹೇಳಿ ದೊರೆ ಕಾರಿನಲ್ಲಿ ಶಿವನಸಮುದ್ರದ ಕಡೆ ಮೀನು ಹಿಡಿಯಲು ಹೊರಟರು. ಐದು ಮಕ್ಕಳ ತಂದೆ ಕರಿಸಿದ್ದಯ್ಯ ಬೆಂಕಿಪೊಟ್ಟಣ ಹಿಡಿದು ಪೆಟ್ಟಿಗೆಯ ಮುಂದೆ ಕೂತ.

ದೀಪ ಹಚ್ಚಿದ, ಆರಿತು. ಮತ್ತೆ ಹಚ್ಚಿದ, ಹೊಗೆ ಉಗುಳಿ ಆರಿತು. ಅಷ್ಟರಲ್ಲಿ ಮಜ್ಜಿಗೆ ಮಾರುವ ಮಾಯಮ್ಮನೂ ಮೇಕೆ ಕಾಯುವ ದೊಡ್ಡಸಿದ್ದಯ್ಯನೂ ಬಂದು ಕೂತರು. ಕರೆದವರು ಯಾರೋ ಆ ಶಿವನಿಗೇ ಗೊತ್ತು.

"ಬೆಟ್ಟ ಅತ್ತುದ್ರೆ ನಮ್ಗೇ ಉಸ್ರು ಸಿಗಾಕಿಲ್ಲ, ದೀಪುಕ್ಕೆ ಎಲ್ಲಿ ಸಿಕ್ಕಾತು ಕಣ್ಲಾ," ಎಂದಳು ಮಾಯಮ್ಮ.

"ಬತ್ತಿ ದೊಡ್ದು ಮಾಡ್ಲಾ," ಎಂದ ದೊಡ್ಡಸಿದ್ದಯ್ಯ. ಮಾಡಿದ್ದಕ್ಕೆ ಮೂವರ ಮುಖವೂ ಬಾಣಲೆಯ ತಳದಂತಾಯಿತು. "ಪೆಟ್ಗೆ ವಾಲೈತೆ," ಎಂದು ಅವನೇ ಒಂದು ಕಲ್ಲು ತುರುಕಿದ. ಆಮೇಲೆ ಅದು ನಿಜವಾಗಿಯೂ ವಾಲಿತು. ಗಾಳಿಗೆ ಮರೆಯಾಗಲೆಂದು ಮಾಯಮ್ಮ ತನ್ನ ಕಂಬಳಿ ಕಟ್ಟಿದಳು. ಅದಕ್ಕೆ ಕಿಡಿ ಹತ್ತಿತು. ಆರಿಸಲು ಒಂದು ಮಡಕೆ ಮಜ್ಜಿಗೆ ಸುರಿದದ್ದಾಯಿತು. ದೀಪವೂ ಮಜ್ಜಿಗೆಯಲ್ಲಿ ಮುಳುಗಿತು.

"ನನ್ ಕೆಲ್ಸ ಓಯ್ತು ಬುಡವ್ವ," ಎಂದು ಕರಿಸಿದ್ದಯ್ಯ ಕುಕ್ಕರಿಸಿದ.

ಹೊತ್ತು ಇಳಿಯುತ್ತಿದ್ದಂತೆ ಮೋಡ ಕವಿದು ತಲೆಯ ಮೇಲೆ ಟಪಟಪ ಬಿತ್ತು. ನೋಡಿದರೆ ಆಲಿಕಲ್ಲು.

"ಬಾಚ್ಕೊಳ್ಲಾ, ಮಂಕುಮುಂಡೇದೆ," ಎಂದು ಮಾಯಮ್ಮ ಸೆರಗೊಡ್ಡಿದಳು. ಮೂವರೂ ಸೇರಿ ಒಂದು ಕೊಡ ತುಂಬಿಸಿ, ಸುಟ್ಟುಳಿದ ಕಂಬಳಿ ಸುತ್ತಿ ಪೆಟ್ಟಿಗೆಯೊಳಗಿಟ್ಟರು. ಮಳೆ ನಿಂತು ಬಿಸಿಲು ಬಂದು ಬಂಡೆಯೂ ಒಣಗಿತು.

ದೊರೆ ಬಂದರು. ಹೊಳೆ ಕಡೆ ಒಂದು ಹನಿಯೂ ಬಿದ್ದಿರಲಿಲ್ಲ. ಕರಿಸಿದ್ದಯ್ಯ ಗ್ಲಾಸಿಗೆ ಆಲಿಕಲ್ಲು ಹಾಕಿ ಕೊಟ್ಟ. ದೊರೆ ಗುಟುಕರಿಸಿದರು, ಅವನ ಬೆನ್ನು ತಟ್ಟಿದರು. ಅಬ್ಬಾ, ಬದುಕಿದೆ ಎಂದು ಅವನಿಗೆ ಕಣ್ಣಲ್ಲಿ ನೀರೇ ಬಂತು. ಬೆಳಗಿನಿಂದ ಮೊದಲ ಸಲ ಹಸಿವೂ ಆಯಿತು.

"ಪೆಟ್ಟಿಗೆಯ ಅಚ್ಚು ಚೌಕ," ಎಂದರು ದೊರೆ, ಒಂದು ತುಂಡನ್ನು ಬೆಳಕಿಗೆ ಹಿಡಿದು. "ಬೆಟ್ಟದ ಮೇಲೆ ನೋಡು, ಗೋಲಿ ಹಾಗೆ ಗುಂಡಗೆ ಆಗಿದೆ. ಇಂಗ್ಲೆಂಡಿನಲ್ಲೂ ಇದನ್ನ ಕಂಡವರಿಲ್ಲ. ನಾಳೆ ಮೈಸೂರಿನಿಂದ ಇಪ್ಪತ್ತು ಮಂದಿಯನ್ನ ಕರೆಸ್ತೇನೆ. ಎಲ್ಲರಿಗೂ ಗುಂಡನೆಯದೇ ಬೇಕು. ಒಂದು ಚೌಕ ಕಂಡರೂ ನೀನು ಮನೆಗೆ."

ಕರಿಸಿದ್ದಯ್ಯ ಮೇಲೆ ನೋಡಿದ. ಆಕಾಶ ತೊಳೆದಿಟ್ಟ ತಟ್ಟೆಯ ಹಾಗಿತ್ತು.

"ಅವ್ವ, ನಾಳೀಕೂ ಆಲಿಕಲ್ಲು ಬತ್ತದಾ?" ಎಂದು ಪಿಸುಗುಟ್ಟಿದ.

ಮಾಯಮ್ಮ ಕಂಬಳಿಯ ತೂತಿನೊಳಗೆ ಬೆರಳಾಡಿಸುತ್ತ ಯೋಚಿಸಿದಳು. "ನಾನು ಮದ್ವೆಯಾಗಿ ಬಂದ ವರ್ಸ ಒಂದ್ ದಪ ಬಿದ್ದಿತ್ತು ಕಣ್ ಮಗ. ಆಮೇಕೆ ಇವತ್ತೇಯ."