ನಮ್ಮ ಬೆಣ್ಣೆಯನ್ನು ನಮಗೇ ಮಾರಿದ ಮಹನೀಯರಿಗೆ

ಮಾನ್ಯ ಆಡಳಿತ ನಿರ್ದೇಶಕರು,
ಮೂಲಸ್ವಾದ ಹೆರಿಟೇಜ್ ಫುಡ್ಸ್ ಪ್ರೈವೇಟ್ ಲಿಮಿಟೆಡ್
(ದಾವಣಗೆರೆ ಬೆಣ್ಣೆ ದೋಸೆಯನ್ನು ಕೊನೆಗೂ ದಾವಣಗೆರೆಗೆ ತಂದವರು)

ಮಾನ್ಯರೇ,

ಮೊದಲಿಗೆ ತಮಗೂ, ತಮ್ಮ ಮನೆಮಂದಿಗೂ, ರಾಜ್ಯದ ಉದ್ದಗಲಕ್ಕೂ ಹಬ್ಬಿರುವ ತಮ್ಮ ಶಾಖೆಗಳಿಗೂ, ಆ ಶಾಖೆಗಳೊಳಗೆ ಬಿಡುವಿಲ್ಲದೆ ದುಡಿಯುತ್ತಿರುವ ಏಸಿ ಯಂತ್ರಗಳಿಗೂ ನನ್ನ ನಮಸ್ಕಾರಗಳು. ಇಲ್ಲಿ ಬಿಸಿಲು ನಲವತ್ತು ದಾಟಿದೆ. ತಾವು ಕೂತಿರುವ ಗಾಜಿನ ಕಟ್ಟಡದಲ್ಲಿ ತಂಪಾಗಿದೆ ಎಂದು ನಂಬಿದ್ದೇನೆ, ಏಕೆಂದರೆ ಆ ತಂಪಿಗೆ ನಾನೂ ಒಂದಿಷ್ಟು ಕೊಟ್ಟಿದ್ದೇನೆ.

ಎಷ್ಟು ಕೊಟ್ಟೆ ಎಂಬುದನ್ನೇ ಮೊದಲು ಹೇಳಿಬಿಡುತ್ತೇನೆ. ಸೈಕಲ್ಲಿನ ಹಿಂದೆ ಪ್ಲಾಸ್ಟಿಕ್ ಕೊಡ ಕಟ್ಟಿಕೊಂಡು ಬೀದಿ ಬೀದಿ ಮಾರುತ್ತಾ ಪೈಪು, ನಲ್ಲಿ, ಪಂಪುಗಳ ಅಂಗಡಿಯವರೆಗೆ ಬಂದವನು ನಾನು. ಲೆಕ್ಕ ಬಾಯಿಗೆ ಬಂದ ಮೇಲೆಯೇ ನನಗೆ ಮಾತು ಬರುವುದು. ತಮ್ಮ ವಿದ್ಯಾನಗರ ಶಾಖೆಯಲ್ಲಿ ಒಂಬತ್ತು ಜನ ತಿಂದ ಹದಿನೆಂಟು ಬೆಣ್ಣೆ ದೋಸೆಗೆ ಸಾವಿರದ ಒಂಬೈನೂರ ಎಂಬತ್ತು. ಕೇಳದೆಯೇ ಮೇಜಿಗೆ ಬಂದ ಒಂಬತ್ತು ಬಾಟಲಿ ನೀರಿಗೆ ಇನ್ನೂರ ಎಪ್ಪತ್ತು. 'ಎಕ್ಸ್‌ಟ್ರಾ ಬೆಣ್ಣೆ' ಎಂಬ ಬಾಬ್ತಿಗೆ ಏಳುನೂರ ಇಪ್ಪತ್ತು. ಇದರ ಮೇಲೆ ಜಿಎಸ್‌ಟಿ ಸೇರಿ, ಐವತ್ತು ಪೈಸೆಯನ್ನು ತಾವು ದೊಡ್ಡ ಮನಸ್ಸಿನಿಂದ ಮೇಲಕ್ಕೇ ತಳ್ಳಿ, ಒಟ್ಟು ಮೂರು ಸಾವಿರದ ನೂರ ಹತ್ತೊಂಬತ್ತು. ಇದಲ್ಲದೆ ಒಂದು ಸ್ಟೀಲ್ ಡಬ್ಬಿ ಮತ್ತು ನಮ್ಮ ಅಕ್ಕನ ಅರ್ಧ ಬೇಸಿಗೆ. ಕೊನೆಯ ಈ ಎರಡು ಬಾಬ್ತು ತಮ್ಮ ಬಿಲ್ಲಿನಲ್ಲಿ ಕಾಣಲಿಲ್ಲ. ಅವಕ್ಕೆ ಜಿಎಸ್‌ಟಿ ಎಷ್ಟು ಎಂಬುದನ್ನು ದಯವಿಟ್ಟು ತಿಳಿಸತಕ್ಕದ್ದು.

ಹಣ ಕೊಟ್ಟದ್ದಕ್ಕೆ ನನಗೆ ಸಂಕಟವಿಲ್ಲ. ದಾವಣಗೆರೆಯಲ್ಲಿ ಹುಟ್ಟಿ, ಬೆಣ್ಣೆ ದೋಸೆ ತಿಂದೇ ಹಲ್ಲು ಬಂದು ಹಲ್ಲು ಬಿದ್ದವರಿಗೆ ಅಸಲಿ ದಾವಣಗೆರೆ ದೋಸೆ ಎಂದರೇನು ಎಂಬುದನ್ನು ತೋರಿಸಿಕೊಡಲು ತಾವು ಅಷ್ಟು ದೂರದಿಂದ ಬಂದಿದ್ದೀರಿ. ಬಂದು, ಊರಲ್ಲಿ ಬೇರೆಲ್ಲೂ ಜಾಗವಿಲ್ಲದಂತೆ ನಮ್ಮ ಮನೆಯ ತಿರುವಿನಲ್ಲಿದ್ದ ಗಿರಿಯಮ್ಮನವರ ಹೋಟ್ಲು ಇದ್ದಲ್ಲಿಯೇ ಬೋರ್ಡು ಹಾಕಿದ್ದೀರಿ. ಕಟ್ಟಡದ ಮಾಲೀಕರು ಬಾಡಿಗೆಯನ್ನು ನಾಲ್ಕು ಪಟ್ಟು ಕೇಳಿದಾಗ ಗಿರಿಯಮ್ಮನವರು, "ನಾಕು ಪಟ್ಟು ಬಾಡಿಗೆ ಕೊಡಬೇಕಂದ್ರ ದೋಸೆ ಅಲ್ಲಪ್ಪಾ, ಬಂಗಾರ ಹುಯ್ಯಬೇಕು ಹಂಚಿನ ಮ್ಯಾಲ" ಎಂದು ಒಲೆ ಆರಿಸಿ ಹರಿಹರದಲ್ಲಿರುವ ಮಗಳ ಮನೆ ಸೇರಿದರು. ತಾವು ಬಂಗಾರ ಹುಯ್ಯದೆಯೇ ಆ ಬಾಡಿಗೆ ಕಟ್ಟುತ್ತಿದ್ದೀರಿ. ಇದು ಸಾಮಾನ್ಯ ಬುದ್ಧಿವಂತಿಕೆಯಲ್ಲ.

ಪರಂಪರೆಯ ಮೇಲೆ ತಮಗಿರುವ ಪ್ರೀತಿಯನ್ನಂತೂ ಕಣ್ಣಾರೆ ಕಂಡೆ. ಗಿರಿಯಮ್ಮನವರ ಮೂರು ಬೆಂಚುಗಳ ಪೈಕಿ ಒಂದನ್ನು ಗುಜರಿಯಿಂದ ತರಿಸಿ, ಪಾಲಿಶ್ ಹೊಡೆಸಿ, ಸುತ್ತ ಕೆಂಪು ಹಗ್ಗ ಕಟ್ಟಿ, ಮೇಲೆ ದೀಪ ಬಿಟ್ಟು ನಿಲ್ಲಿಸಿದ್ದೀರಿ. ಕೂರುವುದಕ್ಕಿದ್ದ ಬೆಂಚು ನೋಡುವುದಕ್ಕಾಯಿತು. ಇದು ತಿಳಿಯದ ನಮ್ಮ ತಾಯಿ ಕೆಂಚಕ್ಕನವರು ಹಗ್ಗ ಸರಿಸಿ, ಮೂವತ್ತು ವರ್ಷ ಕೂತ ಜಾಗದಲ್ಲೇ ಕೂತುಬಿಟ್ಟರು. ತಮ್ಮ ಸೆಕ್ಯುರಿಟಿಯವರು ಓಡಿಬಂದು "ಅಜ್ಜೀ, ಏಳ್ರಿ, ಅದು ಡೆಕೋರೇಶನ್ನು" ಎಂದದ್ದಕ್ಕೆ ನಮ್ಮವ್ವ ಸೆರಗು ಸರಿಪಡಿಸಿಕೊಳ್ಳುತ್ತಾ "ಮನೆಯಾಗ ನಾನೂ ಅದೇ ಐದೀನಿ ಬಿಡಪ್ಪಾ, ಎರಡೂ ಒಂದೇ ಕಡೆ ಇರ್ಲಿ" ಎಂದರು. ತಮ್ಮವರು ಆ ಮುದುಕಿಯ ಫೋಟೋ ತೆಗೆದುಕೊಂಡಿದ್ದಾರೆ. ಜಾಹೀರಾತಿನಲ್ಲಿ ಬಂದರೆ ಒಂದು ಪ್ರತಿ ಕಳುಹಿಸಿ.

ಈಗ ಬೆಣ್ಣೆಯ ವಿಷಯ. ಇದನ್ನು ತಮಗೆ ಅರ್ಥ ಮಾಡಿಸಬೇಕಾದರೆ ನಮ್ಮ ಮನೆಯ ಬೇಸಿಗೆಯನ್ನೇ ಸ್ವಲ್ಪ ಬಿಚ್ಚಿ ತೋರಿಸಬೇಕು.

ನಮ್ಮ ಅಕ್ಕ ಅಂಬಿಕಾ ಹರಿಹರದವರು. ಕೊಂಡಜ್ಜಿ ರಸ್ತೆಯ ಅಂಚಿನಲ್ಲಿ ಮನೆ, ಎರಡು ಎಮ್ಮೆ, ಮೂರು ಮಕ್ಕಳು, ಒಬ್ಬರು ಯಜಮಾನರು. ಹರಿಹರಕ್ಕೂ ದಾವಣಗೆರೆಗೂ ಹದಿನಾಲ್ಕು ಕಿಲೋಮೀಟರ್. ಈ ಹದಿನಾಲ್ಕು ಕಿಲೋಮೀಟರಿಗೆ ಅಕ್ಕ ಪ್ರತಿ ವರ್ಷ ಶಾಲೆಗೆ ರಜೆ ಬಿಟ್ಟ ಕೂಡಲೇ ಮೂರು ಸೂಟ್‌ಕೇಸು ಕಟ್ಟಿಕೊಂಡು, ವಿಮಾನ ಹತ್ತುವವರ ಗತ್ತಿನಲ್ಲಿ ಬಸ್ಸು ಹತ್ತಿ, ತವರಿಗೆ ಬಂದು ಹದಿನೈದು ದಿನ ಇದ್ದುಬಿಡುತ್ತಿದ್ದರು. ಆ ಹದಿನೈದು ದಿನ ಅವರು ಎಮ್ಮೆಯ ಕೆಚ್ಚಲು ಮುಟ್ಟುವಂತಿಲ್ಲ, ಒಲೆಯ ಮುಂದೆ ನಿಲ್ಲುವಂತಿಲ್ಲ. ನಮ್ಮ ಮನೆಯಾಕೆ ಸರೋಜಾಳಿಗೂ ಬೆಳಗಿನ ಒಲೆಗೆ ರಜೆ. ನಮ್ಮ ಇಬ್ಬರು ಮಕ್ಕಳೂ ಸೇರಿ ಒಂಬತ್ತು ಬಾಯಿಗೂ ಬೆಳಗಿನ ತಿಂಡಿ ಗಿರಿಯಮ್ಮನವರಲ್ಲಿ. ತಿಂದು ಬಂದ ಮೇಲೆ ಅಕ್ಕ ಮತ್ತು ಸರೋಜಾ ತಲೆಗೆ ನೀರು ಹಾಕಿಕೊಂಡು, ಹಿತ್ತಲ ಬೇವಿನ ಮರದ ಕೆಳಗೆ ಕೂದಲು ಹರವಿಕೊಂಡು, ಬಿಸಿಲು ಕಾಲಿಗೆ ಬರುವವರೆಗೂ ಕೂತು ನಗುತ್ತಿದ್ದರು. ಯಾರ ಬಗ್ಗೆ ಎಂದು ನಾನು ಎಂದೂ ಕೇಳಲಿಲ್ಲ. ನನ್ನ ಬಗ್ಗೆಯೇ ಎಂದು ಗೊತ್ತಿತ್ತು.

ಬರುವಾಗ ಅಕ್ಕ ಮನೆಯ ಎಮ್ಮೆ ಬೆಣ್ಣೆಯನ್ನು ಡಬ್ಬಿಗೆ ತುಂಬಿ, ಒದ್ದೆ ಬಟ್ಟೆ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ಅದನ್ನು ನಮ್ಮ ಮನೆಗಲ್ಲ, ನೇರ ಗಿರಿಯಮ್ಮನವರ ಹೋಟ್ಲಿಗೆ ಕೊಡುವುದು. ನಮ್ಮ ಓಣಿಯಲ್ಲಿ ಬೇಸಿಗೆಗೆ ನೆಂಟರು ಬಂದ ಮನೆಯವರೆಲ್ಲ ಹೀಗೇ: ಹೆಸರು ಕೆತ್ತಿದ ಡಬ್ಬಿಗಳು ನೀರು ತುಂಬಿದ ಮಣ್ಣಿನ ಬಾನಿಯಲ್ಲಿ ತೇಲುತ್ತಿದ್ದವು, ದೋಸೆ ಹಾಕುವ ಖಾಜಾ ಹುಸೇನ್ ಯಾರು ಬಂದು ಕೂತರು ಎಂದು ಒಮ್ಮೆ ಕತ್ತೆತ್ತಿ ನೋಡಿ ಅವರವರ ಡಬ್ಬಿಗೆ ಕೈ ಹಾಕುತ್ತಿದ್ದ. ಬೆಣ್ಣೆ ತಂದವರಿಗೆ ಖಾಲಿ ದೋಸೆಯ ದರ. ಇದಕ್ಕೆ ಬೋರ್ಡಿರಲಿಲ್ಲ, ರಸೀದಿ ಇರಲಿಲ್ಲ. ಕಂಪನಿ ಕಾಯಿದೆಯಲ್ಲಿ ಇಂಥದಕ್ಕೆ ಏನೆನ್ನುತ್ತಾರೋ, ನಾವು ಬೇಸಿಗೆ ಎನ್ನುತ್ತಿದ್ದೆವು.

ಈ ಸಲ ಅಕ್ಕನಿಗೆ ನಾನು ಫೋನಿನಲ್ಲಿ "ಗಿರಿಯಮ್ಮಾರ ಜಾಗದಾಗ ದೊಡ್ಡ ಹೋಟ್ಲು ಬಂದೈತೆ, ದೋಸೆ ಹಾಕೋನು ಮಾತ್ರ ನಮ್ಮ ಖಾಜಾನೇ" ಎಂದಿದ್ದೆ. ಅಕ್ಕನ ಮಟ್ಟಿಗೆ ಅಷ್ಟು ಸಾಕಾಯಿತು. ತಮ್ಮ ಬಾಗಿಲಲ್ಲಿ ಸೆಲ್ಯೂಟ್ ಹೊಡೆದವನನ್ನೂ, ಆರ್ಡರಿಗೆಂದು ನಿಂತ ಟಚ್ ಸ್ಕ್ರೀನನ್ನೂ ದಾಟಿಕೊಂಡು, ಗಾಜಿನ ಅಡುಗೆಮನೆಯ ಕಿಂಡಿಗೆ ಹೋಗಿ ಡಬ್ಬಿ ಒಳಗೆ ನೂಕಿ, "ತಗಾ ಖಾಜಣ್ಣ, ಈ ಸಲ ಬೆಣ್ಣೆ ಭಾರಿ ಐತೆ. ಇದ್ಯಾಕೋ ತಲೆಗೆ ಬಲೆ ಹಾಕ್ಕಂಡಿಯ, ಮೀನು ಹಿಡಿಯಾಕಾ?" ಎಂದರು. ತಮ್ಮ ತರಬೇತಿಯ ಪ್ರಕಾರ ದೋಸೆಗೆ ಒಂದು ಚಮಚ, ಆ ಚಮಚಕ್ಕೂ ಒಂದು ಗೆರೆ ಎಂದು ಕಲಿತಿದ್ದ ಖಾಜಾ, ಡಬ್ಬಿಯ ಮೇಲಿನ 'ಅಂಬಿಕಾ' ಎಂಬ ಹೆಸರು ಕಂಡದ್ದೇ ತರಬೇತಿ ಮರೆತ. ಹನ್ನೆರಡು ವರ್ಷ ಪಳಗಿದ ಕೈ ಡಬ್ಬಿಗೆ ಹೋಯಿತು. ಹದಿನೆಂಟು ದೋಸೆಯ ಮೇಲೂ ಅಕ್ಕನ ಎಮ್ಮೆಯ ಬೆಣ್ಣೆ ಬಿತ್ತು. ಪಕ್ಕದ ಮೇಜಿನ ಇಬ್ಬರು ಹುಡುಗಿಯರು ತಮ್ಮ ತಟ್ಟೆ ಬಿಟ್ಟು ನಮ್ಮ ತಟ್ಟೆ ನೋಡುತ್ತಿದ್ದರು. ಅಂದು ತಮ್ಮ ಶಾಖೆಯಲ್ಲಿ ಅಸಲಿ ದಾವಣಗೆರೆ ದೋಸೆ ಸಿಕ್ಕಿದ್ದು ನಿಜ. ಆ ಶ್ರೇಯಸ್ಸನ್ನು ತಾವು ಎಮ್ಮೆಯೊಡನೆ ಹಂಚಿಕೊಳ್ಳಬಹುದು.

ಹಂಚಿನ ಮೇಲೆ ತಾವು ಕ್ಯಾಮೆರಾ ಇಟ್ಟಿದ್ದೀರೆಂದು ನಮಗೆ ಗೊತ್ತಿರಲಿಲ್ಲ. ಬೆಣ್ಣೆ ಹೆಚ್ಚು ಬಿದ್ದದ್ದನ್ನು ಅದು ನೋಡಿತು, ಬಿಲ್ಲಿಗೆ ಹೇಳಿತು, ಬಿಲ್ಲು ನಮಗೆ ಹೇಳಿತು. ಬೆಣ್ಣೆ ನಮ್ಮದೇ ಎಂದು ನಾನು ತಮ್ಮ ಮ್ಯಾನೇಜರ್ ಬಸವಪ್ರಭು ಅವರಿಗೆ ವಿನಯದಿಂದ ವಿವರಿಸಿದಾಗ ಅವರು ಅಷ್ಟೇ ವಿನಯದಿಂದ, "ಕರೆಕ್ಟ್ ಸರ್, ಬೆಣ್ಣೆ ನಿಮ್ದೇ. ಆದ್ರ ನಮ್ಮ ಹಂಚಿನ ಮ್ಯಾಲ ಬಿದ್ದ ಮ್ಯಾಲ ಅದು ನಮ್ಮ ಪ್ರಾಡಕ್ಟು" ಎಂದರು. ಇಷ್ಟು ವರ್ಷ ವ್ಯಾಪಾರ ಮಾಡಿಯೂ ನನಗೆ ಈ ತತ್ವ ಹೊಳೆದಿರಲಿಲ್ಲ. ನನ್ನ ಅಂಗಡಿಯ ನಲ್ಲಿಯಲ್ಲಿ ಬಂದ ನೀರೆಲ್ಲ ನನ್ನದು ಎಂದು ಮೊದಲೇ ನಾನೂ ಮನೆಮನೆಗೆ ಬಿಲ್ಲು ಕಳಿಸಿದ್ದರೆ ತಮ್ಮ ಪಕ್ಕದಲ್ಲೇ ಒಂದು ಗಾಜಿನ ಕಟ್ಟಡ ನನ್ನದೂ ಇರುತ್ತಿತ್ತು.

ಅರ್ಧ ಬೆಣ್ಣೆ ಇನ್ನೂ ಇದ್ದ ಡಬ್ಬಿಯನ್ನು 'ಹೊರಗಿನ ಪದಾರ್ಥ' ಎಂದು ಚೀಟಿ ಅಂಟಿಸಿ, ಹೆಡ್ ಆಫೀಸಿನ ತೀರ್ಮಾನ ಬರುವವರೆಗೆ ಎಂದು ಫ್ರಿಡ್ಜಿನಲ್ಲಿ ಇರಿಸಿಕೊಂಡರು. ಖಾಜಾನಿಗೆ ಮೆಮೊ ಕೊಟ್ಟರು. ಅಕ್ಕ ಬಿಲ್ಲನ್ನು ನನ್ನ ಕೈಯಿಂದ ಇಸಿದುಕೊಂಡು ನೋಡಿ, "ನನ್ನ ಎಮ್ಮೆ ಬೆಣ್ಣೆಗೆ ನನ್ನ ತಮ್ಮ ರೊಕ್ಕ ಕೊಟ್ಟ" ಎಂದು ಒಂದು ಸಲ ನಕ್ಕರು.

ಮರುದಿನದಿಂದ ಬೆಳಗಿನ ದೋಸೆ ಮನೆಯಲ್ಲೇ. ತಗಡಿನ ಮಾಡಿನ ನಮ್ಮ ಅಡುಗೆಮನೆಯಲ್ಲಿ ಒಂಬತ್ತು ಜನಕ್ಕೆ ದೋಸೆ ಹುಯ್ಯುವುದೆಂದರೆ, ಕೊನೆಯವರು ತಿಂದು ಏಳುವಾಗ ಮೊದಲು ತಿಂದವರಿಗೆ ಮತ್ತೆ ಹಸಿವು. ಸರೋಜಾ ಹಂಚಿನ ಮುಂದೆ ನಿಂತರೆ ಅಕ್ಕ "ನೀ ಸರಿ, ನಾ ಹುಯ್ತೀನಿ" ಎನ್ನುವುದು, ಸರೋಜಾ "ನೀವು ಕೂಡ್ರಿ ಅಕ್ಕಾ, ಬಂದಿರೋದು ನಾಕು ದಿನ" ಎನ್ನುವುದು. ಹೀಗೆ ಒಬ್ಬರ ಕೈಯಿಂದ ಒಬ್ಬರು ಸೌಟು ಕಿತ್ತುಕೊಳ್ಳುವ ಪ್ರೀತಿಯಲ್ಲಿ ಇಬ್ಬರೂ ಬೆವರಿದರು. ಬೇವಿನ ಮರದ ಕೆಳಗೆ ಯಾರೂ ಕೂರಲಿಲ್ಲ. ಗಂಡಸಾಗಿ ನೀನೇನು ಮಾಡುತ್ತಿದ್ದೆ ಎಂದು ತಾವು ಕೇಳಬಹುದು. ನಾನೂ ಒಂದು ದೋಸೆ ಹುಯ್ದೆ. ಅದು ಹಂಚು ಬಿಟ್ಟು ಬರಲಿಲ್ಲ. "ನಟ್ಟು ಬಿಚ್ಚಿದಂಗ ಬಿಚ್ಚಬ್ಯಾಡ್ರಿ, ಅದು ಪಂಪಲ್ಲ" ಎಂದು ಸರೋಜಾ ನನ್ನನ್ನು ಹೊರಗೆ ಕಳಿಸಿದಳು.

ಐದನೆಯ ದಿನ ಅಕ್ಕ ಸೂಟ್‌ಕೇಸು ಕಟ್ಟಿದರು. "ಯಾಕೋ ಎಮ್ಮೆ ನೆನಪಾಗ್ತಾವೆ" ಎಂದರು. ಎಮ್ಮೆಗಳನ್ನು ಮರೆಯಲಿಕ್ಕೆಂದೇ ಪ್ರತಿ ವರ್ಷ ಬರುತ್ತಿದ್ದವರು! ಸರೋಜಾ ಸೂಟ್‌ಕೇಸಿನ ಮೇಲೆ ಕೂತಳು, ಅಳು ಬಂದು ಎದ್ದಳು. ಅಕ್ಕ ಅವಳ ಗಲ್ಲ ಹಿಡಿದು, "ಹದಿನಾಲ್ಕು ಕಿಲೋಮೀಟ್ರು, ಏನ್ ದೂರ ಐತೆ? ಯಾವಾಗಾರ ಭಾನುವಾರ ಬಂದು ಹೋಗ್ತೀನಿ" ಎಂದರು. ಇಪ್ಪತ್ತು ವರ್ಷದಿಂದ ಹದಿನೈದು ದಿನ ಇರುವಷ್ಟು ದೂರವಿದ್ದ ತವರು, ಆ ಒಂದು ಮಾತಿಗೆ ಸಂಜೆ ವಾಪಸ್ಸಾಗುವಷ್ಟು ಹತ್ತಿರವಾಗಿಬಿಟ್ಟಿತು. ಊರನ್ನು ಇಷ್ಟು ಹತ್ತಿರ ತಂದದ್ದು ರಸ್ತೆ ಮಾಡಿದವರಲ್ಲ, ತಾವು. ಅದಕ್ಕಾಗಿ ತಮಗೆ ಸನ್ಮಾನ ಮಾಡಬೇಕೆಂದಿದ್ದೇನೆ. ಶಾಲು ನನ್ನದು, ತಮ್ಮ ಹೆಗಲ ಮೇಲೆ ಬಿದ್ದ ಮೇಲೂ ನನ್ನದೇ.

ಆದಕಾರಣ ತಮ್ಮಲ್ಲಿ ಪ್ರಾರ್ಥನೆ. ಅಕ್ಕನ ಎರಡು ಎಮ್ಮೆಗಳ ಪೈಕಿ ಹಿರಿಯದನ್ನು ತಮ್ಮ ನಿರ್ದೇಶಕ ಮಂಡಳಿಗೆ ತೆಗೆದುಕೊಳ್ಳಬೇಕು. ಪರಂಪರೆಯ ಬಗ್ಗೆ ಅದಕ್ಕೆ ತಮ್ಮಷ್ಟೇ ತಿಳಿವಳಿಕೆ ಇದೆ, ಮೀಟಿಂಗಿನಲ್ಲಿ ಕಡಿಮೆ ಮಾತಾಡುತ್ತದೆ. ಟಚ್ ಸ್ಕ್ರೀನಿನಲ್ಲಿ 'ನೆಂಟರು ಬಂದಿದ್ದಾರೆ' ಎಂಬ ಗುಂಡಿ ಇಡಬೇಕು, ಒತ್ತಿದರೆ ಯಾರಾದರೂ ಒಬ್ಬರು ಹೊರಬಂದು "ಯಾವಾಗ ಬಂದ್ರಿ?" ಎಂದು ಕೇಳಬೇಕು. ಬಿಲ್ಲಿಗೆಂದು ನಮ್ಮ ನಂಬರು ಪಡೆದಂದಿನಿಂದ ನನ್ನ ಫೋನಿಗೆ ಬೆಳಿಗ್ಗೆ ಬೆಳಿಗ್ಗೆ "ತವರಿನ ರುಚಿ ನೆನಪಾಯಿತೇ?" ಎಂದು ಬರುತ್ತಿರುವ ಸಂದೇಶವನ್ನು ಮಾತ್ರ ನಿಲ್ಲಿಸಬೇಕು. ಸರೋಜಾ ಓದಿಬಿಡುತ್ತಾಳೆ.

ಇವೆಲ್ಲ ಆಗದಿದ್ದರೂ ಚಿಂತೆಯಿಲ್ಲ. ಆ ಡಬ್ಬಿಯನ್ನು ಕೊಟ್ಟುಬಿಡಿ. ಮದುವೆಯಲ್ಲಿ ಅವ್ವ ಹೆಸರು ಕೆತ್ತಿಸಿ ಕೊಟ್ಟದ್ದು. ಮೊನ್ನೆ ನಾನು ಹರಿಹರಕ್ಕೆ ಹೋಗಿ ರಜೆ ಇನ್ನೂ ಎರಡು ವಾರ ಇದೆ, ಬಾ ಎಂದು ಕರೆದರೆ ಅಕ್ಕ, "ಬರಿಗೈಲಿ ಬರ್ಲೇನೋ ತವರಿಗೆ? ಡಬ್ಬಿ ಬರ್ಲಿ, ಹಿಂದೇನೇ ನಾ ಬರ್ತೀನಿ" ಎಂದಿದ್ದಾರೆ. ತಮ್ಮ ಹೆಡ್ ಆಫೀಸು ಡಬ್ಬಿಯ ಬಗ್ಗೆ ತೀರ್ಮಾನಿಸುವಾಗ ಅದರೊಳಗೆ ಬೆಣ್ಣೆ ಬಿಟ್ಟು ಬೇರೇನೂ ಇದೆ ಎಂಬುದು ಗಮನಕ್ಕೆ ಬರಲಿ ಎಂದು ಇಷ್ಟು ಉದ್ದ ಬರೆದೆ.

ಬಿಲ್ಲು ಕೊಟ್ಟಲ್ಲೆಲ್ಲ ಹಣ ಕೊಟ್ಟೇ ಅಭ್ಯಾಸವಾಗಿರುವ, ಆದರೂ ತಮ್ಮ ವಿಶ್ವಾಸಿ,
ಓ. ತಿಮ್ಮೇಶ್
ವಿದ್ಯಾನಗರ, ದಾವಣಗೆರೆ

ತಾ.ಕ.: ಮೆಮೊ ಕೈಗೆ ಬಂದ ವಾರವೇ ಖಾಜಾ ಹುಸೇನ್ ತಮ್ಮ ತಲೆಬಲೆಯನ್ನು ವಾಪಸು ಕೊಟ್ಟಿದ್ದಾನೆ. ಬರುವ ಸೋಮವಾರದಿಂದ ನನ್ನ ಅಂಗಡಿಯ ಮುಂದೆ, ನಾನು ಶಟರ್ ಎತ್ತುವವರೆಗೆ, ಅವನ ಒಲೆ ಉರಿಯುತ್ತದೆ. ಮಣ್ಣಿನ ಬಾನಿ ತಂದಿಟ್ಟಾಗಿದೆ. ತಾವು ಈ ಕಡೆ ಬಂದರೆ ಖಂಡಿತ ಬನ್ನಿ, ಮನೆಯ ಬೆಣ್ಣೆ ತನ್ನಿ. ನಮ್ಮಲ್ಲಿ ಹೊರಗಿನ ಪದಾರ್ಥ ನಡೆಯುತ್ತದೆ. ಅಲ್ಲಿಯವರೆಗಿನ ಲೆಕ್ಕ ಇಷ್ಟು: ಕಂಪನಿಗೆ, ತನ್ನದಲ್ಲದ ಬೆಣ್ಣೆಯ ಮೇಲೆ ಏಳುನೂರ ಇಪ್ಪತ್ತು. ಸರ್ಕಾರಕ್ಕೆ, ಅದೇ ಬೆಣ್ಣೆಯ ಮೇಲೆ ಮೂವತ್ತಾರು. ಕಟ್ಟಡದ ಮಾಲೀಕರಿಗೆ, ನಾಲ್ಕು ಪಟ್ಟು ಬಾಡಿಗೆ. ಖಾಜಾನಿಗೆ, ಒಂದು ಮೆಮೊ, ಒಂದು ಫುಟ್‌ಪಾತು. ಅವ್ವನಿಗೆ, ಒಂದು ಫೋಟೋ. ಎಮ್ಮೆಗಳಿಗೆ, ಹತ್ತು ದಿನ ಮೊದಲೇ ಯಜಮಾನಿ. ಸರೋಜಾಳಿಗೆ, ಮರದ ಕೆಳಗೆ ಒಬ್ಬಳೇ ಕೂರುವಷ್ಟು ನೆರಳು. ಅಕ್ಕನಿಗೆ, ಏನೂ ಇಲ್ಲ. ಡಬ್ಬಿ ತಮ್ಮ ಫ್ರಿಡ್ಜಿನಲ್ಲಿದೆ.